ಓಡಬಾರದ ಕುದುರೆ

ಮಗನ ಮನೆಯಿದ್ದ ಸೊಲ್ಲೆಂಟುನಾದಲ್ಲಿ ರೈಲು ಹತ್ತಿ, ಸ್ಟಾಕ್‌ಹೋಮಿನಲ್ಲಿಳಿದು ನೆಲದಡಿಯ ಇನ್ನೊಂದು ರೈಲು ಹಿಡಿದು, ರಿಸ್ನೆಯೆಂಬ ಕಡೆ ಮೇಲಕ್ಕೆ ಬಂದು ನಡೆಯತೊಡಗುವ ಹೊತ್ತಿಗೆ ರಾಜಲಕ್ಷ್ಮಮ್ಮನವರ ಕಾಲು ಸೋತಿದ್ದವು. ಮುಖ ಮಾತ್ರ ಸೋತಿರಲಿಲ್ಲ. ಸೀರೆಯ ಮೇಲೆ ಮಗನ ಜಾಕೆಟ್ಟು, ಕಾಲ್ಚೀಲದ ಮೇಲೆ ಚಪ್ಪಲಿ. ಸೊಸೆಗಿಂತ ಮುಂದೆಯೇ ಇದ್ದರು.

"ಇನ್ನೂ ಎಷ್ಟು ದೂರನೇ ಸ್ಪಂದನಾ?"

"ಅಗೋ, ಆ ದೀಪದ ಕಂಬಗಳು ಕಾಣ್ತಿವೆಯಲ್ಲ, ಅಲ್ಲೇ ಅತ್ತೆ."

"ಗಲಾಟೆನೇ ಇಲ್ವಲ್ಲ! ರೇಸ್ ಅಂದ್ರೆ ಗಲಾಟೆ ಇರುತ್ತೆ ಕಣೇ."

ರೇಸಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಆ ಗಲಾಟೆಯೊಂದೇ. ಬೆಂಗಳೂರಿನ ಶೇಷಾದ್ರಿಪುರದಲ್ಲಿ ಅವರ ಮನೆ. ರೇಸಿದ್ದ ದಿನ ಗಂಡ ಬದರಿನಾಥರಾಯರು ಊಟ ಮುಗಿಸಿದವರೇ ದುರ್ಬೀನನ್ನು ಕೊರಳಿಗೆ ನೇತುಹಾಕಿಕೊಂಡು ಹೊರಟುಬಿಡುತ್ತಿದ್ದರು. ಇವರು ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದಾಗ ಮರಗಳಾಚೆಯಿಂದ ಹೋ ಎಂಬ ಸದ್ದು ಎದ್ದು, ಉಬ್ಬಿ, ಥಟ್ಟನೆ ಕುಸಿಯುತ್ತಿತ್ತು. ಕುದುರೆ ಕಾಣುತ್ತಿರಲಿಲ್ಲ, ಗಂಡನೂ ಕಾಣುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ "ನಾನೂ ಬರ್ಲಾ?" ಎಂದು ಕೇಳಿದ್ದಕ್ಕೆ "ಹೆಂಗಸರು ಬರೋ ಜಾಗ ಅಲ್ಲ ಅದು" ಎಂಬ ಉತ್ತರ ಸಿಕ್ಕಿತ್ತು. ಮತ್ತೆ ಅವರು ಕೇಳಲಿಲ್ಲ. ಕಳೆದ ವರ್ಷ ರಾಯರು ತೀರಿಕೊಂಡರು.

ಮಗ ಯೋಗೀಶ ಅಮ್ಮನಿಗೆ ಅರಮನೆ ತೋರಿಸಿದ, ಸಮುದ್ರದಡಿಯಿಂದ ಮೇಲೆತ್ತಿದ ಹಳೇ ಹಡಗು ತೋರಿಸಿದ, ದ್ವೀಪಗಳನ್ನು ತೋರಿಸಿದ. ಎಲ್ಲಕ್ಕೂ ಒಂದೇ ರಾಗದಲ್ಲಿ "ಚೆನ್ನಾಗಿದೆ ಕಣಪ್ಪ" ಎಂದರು. ಶನಿವಾರ ವಿಮಾನ ಹತ್ತಬೇಕು ಎನ್ನುವಾಗ, ಚಪಾತಿ ಲಟ್ಟಿಸುತ್ತ, ಲಟ್ಟಣಿಗೆಯಿಂದ ಕಣ್ಣೆತ್ತದೆ ಸೊಸೆಯನ್ನು ಕೇಳಿದರು: "ಈ ಊರಲ್ಲಿ ಕುದುರೆ ಓಡೋದನ್ನ ಎದುರಿಗೇ ನಿಂತು ನೋಡ್ಬೇಕು ಅಂದ್ರೆ ಎಲ್ಲಿಗೆ ಹೋಗ್ಬೇಕೇ?"

ಬಂದು ಎರಡು ತಿಂಗಳಲ್ಲಿ ಅವರಾಗಿ ಕೇಳಿದ್ದು ಅದೊಂದೇ. ಸ್ಪಂದನಾ ಆ ಕ್ಷಣವೇ ಮಾತು ಕೊಟ್ಟುಬಿಟ್ಟಳು. ಅಜ್ಜಿಯ ತೊಡೆಯ ಮೇಲೆ ಕಥೆ ಕೇಳುತ್ತ ಬೆಳೆದವಳು. ಕುದುರೆ ಎಂದೊಡನೆ ಅವಳ ತಲೆಯೊಳಗೆ ಪಂಚಕಲ್ಯಾಣಿಯೊಂದು ಕಿವಿ ನಿಮಿರಿಸಿ ಏಳು ಸಮುದ್ರ ಹಾರಲು ಸಿದ್ಧವಾಗಿ ನಿಂತಿತ್ತು. ಮರುದಿನ ಸ್ವೀಡಿಷ್ ಕ್ಲಾಸಿನಲ್ಲಿ, ಕುದುರೆ ರೇಸ್ ಎಲ್ಲಿ ನೋಡಬಹುದೆಂದು ಕೇಳಿದಳು. "ಸೋಲ್ವಲ್ಲಾ!" ಎಂದರು ಟೀಚರು, ಇದೂ ಒಂದು ಪ್ರಶ್ನೆಯೇ ಎಂಬಂತೆ. ಕ್ಲಾಸಿನವರೆಲ್ಲ ತಲೆಯಾಡಿಸಿದರು. ಅಷ್ಟು ಜನ ಒಂದೇ ಹೆಸರು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಸೋಲ್ವಲ್ಲಾದ ಒಳಗೆ ಕಾಲಿಟ್ಟೊಡನೆ ರಾಜಲಕ್ಷ್ಮಮ್ಮ ನಿಂತೇಬಿಟ್ಟರು. ತಳ್ಳುಗಾಡಿಯಲ್ಲಿ ಕೂಸುಗಳನ್ನು ಮಲಗಿಸಿಕೊಂಡ ತಾಯಂದಿರು, ಐಸ್‌ಕ್ರೀಮು ಚೀಪುವ ಮಕ್ಕಳು, ಬುತ್ತಿ ಬಿಚ್ಚಿಕೊಂಡು ಕೂತ ಮುದುಕಿಯರು. ಸಂಜೆಯಾಗಿದ್ದರೂ ಬಿಸಿಲು ಮಧ್ಯಾಹ್ನದ ಹಾಗೆ ಹೊಡೆಯುತ್ತಿತ್ತು.

"ಇದೇನೇ, ರೇಸ್‌ಕೋರ್ಸಾ ಲಾಲ್‌ಬಾಗಾ? ಬಾಣಂತೀರೂ ಬಂದಿದಾರಲ್ಲೇ!"

"ಇಲ್ಲಿ ಎಲ್ಲಾ ಕಡೆಗೂ ಎಲ್ಲಾರೂ ಬರ್ತಾರೆ ಅತ್ತೆ."

"ಹಾಗಾದ್ರೆ ಅವರು ಯಾಕೆ ಹಾಗಂದ್ರು?" ಎಂದರು. ಯಾರು ಎಂದು ಹೇಳಲಿಲ್ಲ. ಸ್ಪಂದನಾ ಬೇಲಿಯ ಪಕ್ಕದ ಬೆಂಚು ಹುಡುಕುವ ನೆಪದಲ್ಲಿ ಆ ಪ್ರಶ್ನೆಯನ್ನು ದಾಟಿಸಿದಳು.

ಕುದುರೆಗಳು ಬಂದವು. ಮೈ ಫಳಫಳ ಹೊಳೆಯುತ್ತಿತ್ತು, ಕತ್ತು ಬಿಲ್ಲಿನಂತೆ ಬಾಗಿತ್ತು. ಎಲ್ಲ ಸರಿ, ಆದರೆ ಪ್ರತಿಯೊಂದರ ಹಿಂದೆಯೂ ಸೈಕಲ್ ಗಾಲಿಯಂಥ ಎರಡು ಗಾಲಿಯ ಒಂದು ಪುಟ್ಟ ಗಾಡಿ. ಅದರ ಮೇಲೆ ಒಬ್ಬ, ಕಾಲು ಚಾಚಿ, ಆರಾಮಕುರ್ಚಿಯಲ್ಲಿ ಒರಗಿದವನ ಹಾಗೆ.

"ಗಾಡಿ ಕಟ್ಟಿದಾರಲ್ಲೇ! ಜಟಕಾ ನೋಡೋಕಾ ಇಷ್ಟು ದೂರ ಬಂದಿದ್ದು?"

ಸ್ಪಂದನಾಳ ಅಜ್ಜಿಯ ಯಾವ ಕಥೆಯಲ್ಲೂ ಪಂಚಕಲ್ಯಾಣಿಗೆ ಗಾಡಿ ಕಟ್ಟಿರಲಿಲ್ಲ. "ಇದು ಬರೀ ಮೆರವಣಿಗೆ ಇರ್ಬೇಕು ಅತ್ತೆ. ಆಮೇಲೆ ಬಿಚ್ತಾರೆ," ಎಂದಳು.

ಬಿಚ್ಚಲಿಲ್ಲ. ಬದಲಿಗೆ ಒಂದು ಕಾರು ಬಂದು, ಎರಡೂ ಪಕ್ಕ ಉದ್ದನೆಯ ಅಡ್ಡಗಂಬಿಗಳ ರೆಕ್ಕೆ ಬಿಚ್ಚಿಕೊಂಡು ಓಡತೊಡಗಿತು. ಕುದುರೆಗಳು ಅದರ ಬೆನ್ನಿಗೇ ಮೂತಿ ಇಟ್ಟು ಹಿಂಬಾಲಿಸಿದವು.

"ಕಾರೇ ಗೆಲ್ಲುತ್ತೆ ಬಿಡು," ಎಂದರು ರಾಜಲಕ್ಷ್ಮಮ್ಮ.

ಅಷ್ಟರಲ್ಲಿ ಕಾರು ರೆಕ್ಕೆ ಮಡಚಿ ಪಕ್ಕಕ್ಕೆ ತಪ್ಪಿಸಿಕೊಂಡಿತು, ರೇಸ್ ಶುರುವಾಗಿಹೋಯಿತು. ಕುದುರೆಗಳ ಕಾಲು ಹೊಲಿಗೆ ಮಿಷನ್ನಿನ ಸೂಜಿಯಂತೆ ಟಕಟಕನೆ ಬೀಳುತ್ತಿದ್ದವು. ವೇಗವೇನೋ ಇತ್ತು. ಆದರೆ ಒಂದಾದರೂ ನೆಲ ಬಿಟ್ಟು ಚಿಮ್ಮಬೇಡವೇ?

"ಓಡ್ತಾನೇ ಇಲ್ವಲ್ಲೇ. ಬೇಗ ಬೇಗ ನಡೀತಿವೆ. ಹಾಲು ಉಕ್ಕುತ್ತೆ ಅಂತ ಅಡುಗೆಮನೆಗೆ ಹೋಗೋ ಹಾಗೆ."

ಆಗ, ಅವರೆದುರಿನ ತಿರುವಿನಲ್ಲೇ, ಕಂದುಬಣ್ಣದ ಕುದುರೆಯೊಂದು ಕತ್ತು ಒದರಿತು. ಮುಂಗಾಲೆರಡನ್ನೂ ಎತ್ತಿ ಎಸೆದು, ಮೈ ಹಿಗ್ಗಿಸಿ, ಬಾಲ ಬಾವುಟ ಮಾಡಿಕೊಂಡು ಹಾರಿತು. ನೆಲ ಗುಡುಗುಡು ಎಂದಿತು. ರಾಜಲಕ್ಷ್ಮಮ್ಮ ಎದ್ದು ನಿಂತಿದ್ದರು. ಸೆರಗು ಜಾರಿದ್ದೂ ಅವರಿಗೆ ಗೊತ್ತಿರಲಿಲ್ಲ. "ಹಾಂ! ಇದು! ಇದು ಕಣೇ ಓಟ! ನೋಡೇ!"

ಸುತ್ತಲಿನ ಜನರೆಲ್ಲ ಮಾತ್ರ ಸಾವಿನ ಸುದ್ದಿ ಕೇಳಿದವರಂತೆ "ಓಹ್" ಎಂದು ನರಳಿದರು. ಗಾಡಿಯವನು ಹಗ್ಗ ಜಗ್ಗಿ ಜಗ್ಗಿ ಕುದುರೆಯನ್ನು ತಡೆಯಲು ನೋಡಿದ. ಅದು ತಡೆಯಿಸಿಕೊಳ್ಳಲಿಲ್ಲ. ಮೈಕಿನಲ್ಲಿ ಏನೋ ಕೂಗಿದರು, ಅವನು ಅದನ್ನು ಹೊರಬದಿಗೆ ಎಳೆದುಕೊಂಡು ಹೋದ.

"ಯಾಕೆ? ಯಾಕೆ ನಿಲ್ಲಿಸಿದ್ರು? ಅದೇ ಅಲ್ವಾ ಓಡಿದ್ದು?"

ಸ್ಪಂದನಾಗೂ ಅದೇ ಅರ್ಥವಾಗಿರಲಿಲ್ಲ. ಪಕ್ಕದಲ್ಲಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ ಬಿಳಿಗೂದಲ ಹೆಂಗಸನ್ನು ತನ್ನ ಅರೆಬರೆ ಸ್ವೀಡಿಷಿನಲ್ಲಿ ಕೇಳಿದಳು. ಬಿರ್ಗಿತ್ತಾ ಎಂದು ಆಕೆಯ ಹೆಸರು. ಆಕೆ ಎರಡು ಬೆರಳನ್ನು ಮೊಣಕಾಲ ಮೇಲೆ ಒಂದಾದ ಮೇಲೊಂದು ಕುಣಿಸಿ ತೋರಿಸಿ, ಹೀಗೆ ಹೋಗಬೇಕು ಎಂದಳು. ಎರಡನ್ನೂ ಒಟ್ಟಿಗೆ ಹಾರಿಸಿ, ಹೀಗೆ ಹಾರಿದರೆ ಹೊರಗೆ ಎಂದಳು. ಹಾರುವ ಕುದುರೆ ನೋಡಬೇಕೇ? ಅದಕ್ಕೆ ತೇಬಿಯಲ್ಲಿ ಬೇರೆ ಮೈದಾನವಿದೆ, ಭಾನುವಾರ ರೇಸಿದೆ. ನಿಮ್ಮ ಮನೆಯೆಲ್ಲಿ? ಸೊಲ್ಲೆಂಟುನಾವೇ? ಅಯ್ಯೋ, ಪಕ್ಕದಲ್ಲೇ!

ಸ್ಪಂದನಾ ಮನಸ್ಸಿನಲ್ಲೇ ದಿನ ಎಣಿಸಿದಳು. ಭಾನುವಾರದ ಹೊತ್ತಿಗೆ ಅತ್ತೆ ಶೇಷಾದ್ರಿಪುರದ ತಾರಸಿಯ ಮೇಲಿರುತ್ತಾರೆ. ಕೇಳಿದ್ದು ಒಂದು, ತಾನು ತೋರಿಸಿದ್ದು ಇನ್ನೊಂದು.

"ಅತ್ತೆ, ತಪ್ಪಾಯ್ತು. ನಿಮ್ಮನ್ನ ತಪ್ಪು ಜಾಗಕ್ಕೆ ಕರ್ಕೊಂಡು ಬಂದ್ಬಿಟ್ಟೆ. ಇಲ್ಲಿ ಓಡೋ ಹಾಗೇ ಇಲ್ಲವಂತೆ. ಮಾವ ನೋಡ್ತಿದ್ರಲ್ಲ, ಆ ಥರದ್ದು ಮನೆ ಹತ್ರಾನೇ ಇದೆಯಂತೆ. ಭಾನುವಾರ. ಯೋಗೀಶ್‌ಗೆ ಹೇಳಿ ಟಿಕೆಟ್ ಮುಂದಕ್ಕೆ ಹಾಕ್ಸೋಣ."

ರಾಜಲಕ್ಷ್ಮಮ್ಮ ಹೊರಗೆ ಹೋಗುತ್ತಿದ್ದ ಕಂದು ಕುದುರೆಯನ್ನೇ ನೋಡುತ್ತಿದ್ದರು. ಅದರ ಮೈಯಿಂದ ಆವಿಯೇಳುತ್ತಿತ್ತು.

"ಅಲ್ಲಿ ಓಡಿದ್ರೆ ಹೊರಗೆ ಹಾಕಲ್ವಾ?"

"ಇಲ್ಲ ಅತ್ತೆ. ಅಲ್ಲಿ ಎಲ್ಲಾ ಕುದುರೆನೂ ಓಡುತ್ತೆ."

"ಎಲ್ಲಾ ಓಡೋದೇ ಆದ್ರೆ ಅದರಲ್ಲಿ ಏನು ಬಂತು?"

ಸ್ಪಂದನಾಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನವಾಯಿತು. ಅಷ್ಟು ವರ್ಷ ತಾರಸಿಯ ಮೇಲೆ ನಿಂತು ಕಾದದ್ದು ಇದಕ್ಕಲ್ಲವೇ? ಮುನಿಸೋ ಇದು, ಸಮಾಧಾನವೋ? ಮುಖ ನೋಡಿದರೆ ಎರಡೂ ಅಲ್ಲ. ಬಿರ್ಗಿತ್ತಾ ನೀಡಿದ ದಾಲ್ಚಿನ್ನಿಯ ಬನ್ನನ್ನು ಅತ್ತೆ ಮೂಗಿನ ಹತ್ತಿರ ಹಿಡಿದು "ಮೊಟ್ಟೆ ಹಾಕಿದಾರಾ ಕೇಳು" ಎಂದರು. ಉತ್ತರಕ್ಕೆ ಕಾಯದೆ ಅದನ್ನು ಸೊಸೆಯ ಕೈಗಿಟ್ಟು, ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಲಿಗೆ ಆತು ನಿಂತರು.

"ಅತ್ತೆ, ಹಾಗಾದ್ರೆ ಮನೆಗೆ ಹೋಗೋಣ್ವಾ?"

"ಸುಮ್ಮನಿರೇ, ಬಂದ್ವು."

ಇನ್ನೊಂದು ಗುಂಪು ಕಾರಿನ ಹಿಂದೆ ಸಾಲುಗಟ್ಟುತ್ತಿತ್ತು. ರಾಜಲಕ್ಷ್ಮಮ್ಮ ಒಂದೊಂದರ ಕಿವಿ, ಕಣ್ಣು, ಬಾಯಿಯ ನೊರೆ ಎಲ್ಲವನ್ನೂ ಹುಡುಗಿ ನೋಡಲು ಬಂದವರ ಹಾಗೆ ನೋಡಿದರು.

"ಆ ಬಿಳೀ ಕಾಲಿಂದು ನೋಡು. ಹೇಗೆ ಲಗಾಮು ಕಡೀತಿದೆ. ಅದಕ್ಕೆ ತಡ್ಕೊಳೋಕೆ ಆಗಲ್ಲ."

ಕಾರು ರೆಕ್ಕೆ ಬಿಚ್ಚಿತು. ಆ ಮೈದಾನದ ಅಷ್ಟೂ ಜನ, ತಮ್ಮ ಕುದುರೆ ತಾಳ ತಪ್ಪದಿರಲಪ್ಪಾ ಎಂದು ಉಸಿರು ಬಿಗಿಹಿಡಿದರು. ಅವರ ನಡುವೆ ಶೇಷಾದ್ರಿಪುರದ ಒಬ್ಬ ಹೆಂಗಸು ಬೇಲಿಯ ಮೇಲೆ ಬಾಗಿ, ಯಾರ ಹಂಗೂ ಇಲ್ಲದೆ ಕೂಗುತ್ತಿದ್ದರು:

"ಓಡೇ ನಮ್ಮವ್ವ! ಹೊರಗೆ ಹಾಕಿದ್ರೆ ಹಾಕ್ಲಿ, ಓಡು!"

ಬನ್ನು ಹಿಡಿದು ಪಕ್ಕದಲ್ಲಿ ನಿಂತ ಸ್ಪಂದನಾ, ಕುದುರೆಯನ್ನು ನೋಡುವುದೋ ಅತ್ತೆಯನ್ನು ನೋಡುವುದೋ ತಿಳಿಯದೆ, ಎರಡನ್ನೂ ಅರ್ಧರ್ಧ ನೋಡಿದಳು.