ನಡುವಿನ ಹೂವು

ನಡುವಿನ ಆ ಒಂದು ಹೂವನ್ನು ಬಿಟ್ಟರೆ ಆ ಚಿತ್ರದಲ್ಲಿ ಸುಳ್ಳೆನ್ನುವುದು ಒಂದೂ ಇರಲಿಲ್ಲ. ಬಿಚ್ಚಿದ ಕೊಡೆಯಂತೆ ಹರಡಿಕೊಂಡ ಬಿಳಿ ಹೂಗಳ ಗೊಂಚಲು. ಅಂಚಿನವು ಪೂರ್ತಿ ಅರಳಿದ್ದವು, ಒಳಗಿನವು ಅರೆಬಿರಿದಿದ್ದವು, ಒಂದೊಂದು ತೊಟ್ಟೂ ಎಲ್ಲಿ ಕವಲೊಡೆಯಬೇಕೋ ಅಲ್ಲೇ ಕವಲೊಡೆದಿತ್ತು. ನಮ್ಮ ಸಸ್ಯೋದ್ಯಾನದ ಚಿತ್ರಶಾಲೆಯಲ್ಲಿ, ಬಾಗಿಲಿಗೆ ಎದುರಾಗಿ, ಗಾಜು ಹಾಕಿಸಿ ಅದನ್ನು ತೂಗುಹಾಕಿದ್ದರು. ಮೆಚ್ಚಿ ತೂಗುಹಾಕಿದ್ದರು ಅಂದುಕೊಂಡೀರಿ ಮತ್ತೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಹೀಗೆ ಬರೆಯಬೇಡಿ ಎಂದು ತೋರಿಸುವುದಕ್ಕೆ.

ಬರೆದವಳು ಕುಮುದಾ. ಅವಳ ಪಕ್ಕದ ಮೇಜು ನನ್ನದು. ನಾನು ಎಲೆಯವಳು, ಎಲೆ, ಕಾಂಡ, ಬೇರು ನನ್ನ ಪಾಲಿಗೆ. ಗೊಂಚಲು ಬಂತೆಂದರೆ ಮಾತಿಲ್ಲದೆ ಅವಳ ಮೇಜಿಗೆ ಹೋಗುತ್ತಿತ್ತು. ಒಂಟಿ ಹೂವನ್ನು ಯಾರು ಬೇಕಾದರೂ ಬರೆದಾರು. ಗೊಂಚಲು ಹಾಗಲ್ಲ. ಒಂದರ ಹಿಂದೆ ಒಂದು ಅಡಗಿಕೊಂಡು, ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು, ನೀವು ಈ ಬದಿ ಮುಗಿಸುವಷ್ಟರಲ್ಲಿ ಆ ಬದಿಯ ಮೊಗ್ಗು ಬಿರಿದು ಲೆಕ್ಕವೆಲ್ಲ ತಲೆಕೆಳಗಾಗಿರುತ್ತದೆ. ಕುಮುದಾ ಮೊದಲು ಹೂವನ್ನು ನೋಡುತ್ತಲೇ ಇರಲಿಲ್ಲ. ಗೊಂಚಲನ್ನು ತಿರುಗಿಸಿ ತಿರುಗಿಸಿ ಅದರ ಕಡ್ಡಿಗಳನ್ನು ಓದುತ್ತಿದ್ದಳು, ಅವನ್ನಷ್ಟೇ ಪೆನ್ಸಿಲಿನಲ್ಲಿ ಇಳಿಸುತ್ತಿದ್ದಳು. ಕಡ್ಡಿ ಸರಿಯಿದ್ದರೆ ಹೂವು ತಾನಾಗಿ ತನ್ನ ಜಾಗಕ್ಕೆ ಬಂದು ಕೂರುತ್ತದೆ ಎನ್ನುತ್ತಿದ್ದಳು. ನಾನು ಹೊಟ್ಟೆಕಿಚ್ಚುಪಟ್ಟದ್ದೂ ಉಂಟು. ಏನು ಮಾಡಿದರೂ ಆ ಕೈ ನನಗೆ ಬರಲಿಲ್ಲ.

ಆದರೆ ಯಾವ ಚಿತ್ರದ ಕೆಳಗೂ ಅವಳ ಹೆಸರಿರಲಿಲ್ಲ. ನಮ್ಮ ಯಾರ ಹೆಸರೂ ಇರಲಿಲ್ಲವೆನ್ನಿ. ಚಿತ್ರಶಾಲೆಯ ಹಿರಿಯರು ವರದಯ್ಯ ಮೇಷ್ಟ್ರು. ಅಲ್ಲಿಂದ ಹೊರಗೆ ಹೋಗುವ ಪ್ರತಿ ಹಾಳೆಯ ಮೂಲೆಯಲ್ಲಿಯೂ ಅವರ ರುಜು ಬೀಳುತ್ತಿತ್ತು. ಅವರು ಕೆಟ್ಟವರೇನಲ್ಲ. ನಮಗೆ ಕುಂಚ ಹಿಡಿಯುವುದನ್ನು ಕಲಿಸಿದವರೇ ಅವರು, ಅವರ ಗುರುಗಳ ಕಾಲದಿಂದಲೂ ಪದ್ಧತಿ ಹಾಗೇ ಇತ್ತು. ನನಗೆ ಅದರಿಂದ ಊಟ ಸೇರದೆ ಹೋಗಲಿಲ್ಲ. ಕುಮುದಾಳ ಮಾತು ಬೇರೆ. ಗಂಡ ತೀರಿಹೋದ ಮೇಲೆ ಅವಳು ಅಕ್ಕನ ಮನೆಯಲ್ಲಿದ್ದಳು. ಮನೆಗೆ ಯಾರೇ ಬರಲಿ, ಅವಳ ಭಾವ ಅವಳನ್ನು ತೋರಿಸಿ, ಇವಳು ಮೇಷ್ಟ್ರಿಗೆ ಬಣ್ಣ ಅರೆದುಕೊಡ್ತಾಳೆ ಎನ್ನುತ್ತಿದ್ದರು. ಕೊಂಕಿನಿಂದಲ್ಲ, ಅವರು ನಿಜವಾಗಿ ನಂಬಿದ್ದೇ ಹಾಗೆ. ಒಮ್ಮೆ ಅವಳು ಅಚ್ಚಾದ ಪುಸ್ತಕ ತೆಗೆದುಕೊಂಡು ಹೋಗಿ, ಇದು ನಾನು ಬರೆದದ್ದು ಭಾವ ಎಂದಳಂತೆ. ಅವರು ಕನ್ನಡಕ ಏರಿಸಿ ಕೆಳಗಿನ ಹೆಸರು ಓದಿ, ಪುಸ್ತಕ ಮಡಚಿ, ನಕ್ಕರಂತೆ. ಆ ನಗು ಅವಳ ಗಂಟಲಲ್ಲಿ ಮುಳ್ಳಾಗಿ ಕೂತುಬಿಟ್ಟಿತು. ಒಂದೇ ಒಂದು ಹಾಳೆ, ತನ್ನ ಹೆಸರಿನದು, ಭಾವನ ಮುಂದೆ ಇಡಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಆ ಬಿಳಿ ಗೊಂಚಲು ಊರಾಚೆಯ ಕಲ್ಲುಗುಡ್ಡದಿಂದ ಬಂತು. ಕುರಿ ಕಾಯುವವರು ಅದನ್ನು ಬೊಟ್ಟಿನ ಹೂವು ಎನ್ನುತ್ತಿದ್ದರು, ಏಕೆಂದರೆ ಅಷ್ಟು ಬಿಳುಪಿನ ನಟ್ಟನಡುವೆ ಒಂದೇ ಒಂದು ಹೂವು ಮುರುಟಿಕೊಂಡು, ಬದನೆಕಾಯಿ ಬಣ್ಣಕ್ಕೆ ತಿರುಗಿ, ಮಗುವಿನ ಕೆನ್ನೆಗಿಟ್ಟ ದೃಷ್ಟಿಬೊಟ್ಟಿನ ಹಾಗೆ ಕಾಣುತ್ತಿತ್ತು. ಕುಮುದಾ ಬಿಳಿ ಹೂಗಳನ್ನೆಲ್ಲ ಮುಗಿಸಿ ಆ ನಡುವನ್ನು ಕೊನೆಗೆ ಉಳಿಸಿಕೊಂಡಿದ್ದಳು. ಕಡುಬಣ್ಣ ಹಸಿಯಿರುವಾಗ ಹರಡಿದರೆ ಇಡೀ ಹಾಳೆ ಹೋಯಿತು. ಆಗಲೇ ಮೇಷ್ಟ್ರು ಬಂದು ನಿಂತರು. ತುಂಬ ಹೊತ್ತು ನೋಡಿದರು. ಇಂಥ ಕೈ ನನಗೂ ಇರಲಿಲ್ಲ ಎಂದುಬಿಟ್ಟರು. ಆಮೇಲೆ, ಆ ಕರಿ ಹೂವನ್ನು ಬರೆಯುವುದು ಬೇಡ, ತುಂಬಿಬಿಡು ಎಂದರು.

ತುಂಬುವುದು ನಮ್ಮಲ್ಲಿ ರೂಢಿ. ಹುಳ ತಿಂದ ಎಲೆಯನ್ನು ಇಡಿಯಾಗಿ ಬರೆಯುತ್ತೇವೆ, ಉದುರಿದ ಹೂವನ್ನು ಇನ್ನೊಂದು ಗೊಂಚಲು ನೋಡಿ ತುಂಬುತ್ತೇವೆ. ಅದು ಮೋಸವಲ್ಲ. ಆದರೆ ಕುಮುದಾ ಒಪ್ಪಲಿಲ್ಲ. ತಾನೇ ಗುಡ್ಡಕ್ಕೆ ಹೋಗಿ, ಆಚೆ ಇಳಿಜಾರಿನಿಂದಲೂ ಗೊಂಚಲುಗಳನ್ನು ತಂದು ಮೇಷ್ಟ್ರ ಮೇಜಿನ ಮೇಲೆ ಹರಡಿದಳು.

"ಹುಳ ತಿಂದಿದ್ರೆ ಎಲ್ಲೋ ಒಂದರಲ್ಲಿ ಇರ್ಬೇಕಿತ್ತು ಮೇಷ್ಟ್ರೇ. ಎಲ್ಲದ್ರಲ್ಲೂ ಅದೇ ಜಾಗದಲ್ಲಿದೆ. ಮೊಗ್ಗು ಬಿಡಿಸಿ ನೋಡಿದೆ, ಅಲ್ಲೂ ಕಪ್ಪಗೇ ಇದೆ."

"ಒಂದೇ ಗುಡ್ಡ, ಒಂದೇ ರೋಗ ಕಣಮ್ಮ. ನಾವು ಬರೆಯೋದು ಒಂದು ಗಿಡಾನಲ್ಲ, ಒಂದು ಜಾತೀನ. ರೋಗ ಜಾತಿಗೆ ಸೇರಲ್ಲ." ಅಷ್ಟು ಹೇಳಿ ಅವರು ದನಿ ತಗ್ಗಿಸಿದರು. "ಈ ಚಿತ್ರಕ್ಕೆ ನಿನ್ನ ಹೆಸರೇ ಹಾಕ್ಸೋಣ ಅಂತಿದ್ದೀನಿ. ನಡು ಮಾತ್ರ ತುಂಬಿಬಿಡು."

ಅವಳು ತನ್ನ ಜಾಗಕ್ಕೆ ಬಂದು ಕೂತಳು. ಮುಖ ನೋಡಿದರೆ ನನಗೆ ಅರ್ಥವಾಯಿತು. ಬೇಡ ಕಣೇ ಎಂದೆ. ನಿನ್ನ ಕಣ್ಣಾರೆ ಕಂಡದ್ದನ್ನು ನೀನೇ ಇಲ್ಲ ಅಂತೀಯಾ ಎಂದು ಬೈದೆ. ಅವಳು ನನ್ನ ಕಡೆ ತಿರುಗಲಿಲ್ಲ.

"ನಿನಗೇನಮ್ಮ. ನಿನ್ನ ಮನೇಲಿ ಯಾರೂ ನಿನ್ನನ್ನ ಬಣ್ಣ ಅರೆಯೋಳು ಅನ್ನಲ್ಲ."

ಬಿಳಿ ಹೂವಿಗೆ ನಾವು ಬಣ್ಣ ಹಾಕುವುದಿಲ್ಲ. ಬರಿಯ ಕಾಗದವನ್ನು ಬಿಟ್ಟು, ಅಂಚಿಗೆ ತೆಳ್ಳಗೆ ನೆರಳು ಎಳೆದರೆ ಮುಗಿಯಿತು. ಆ ಸುಳ್ಳಿಗೆ ಅವಳಿಗೆ ಬಣ್ಣ ಕೂಡ ಬೇಕಾಗಲಿಲ್ಲ. ಕುಂಚ ಅದ್ದಿದಳು, ತುದಿಯನ್ನು ಬಟ್ಟೆಗೆ ಒತ್ತಿದಳು, ಎಳೆದಳು. ಅಲ್ಲೊಂದು ಅರೆಬಿರಿದ ಹೂವು ಬಂದು ಕೂತಿತು. ಎಂಥ ಚೆಂದದ ಹೂವು ಅಂತೀರಿ. ಸುತ್ತಲಿನ ನಿಜವಾದ ಹೂಗಳೆಲ್ಲ ಅದರ ಮುಂದೆ ಸಪ್ಪೆ.

ಪುಸ್ತಕ ಬಂತು, ಹೆಸರೂ ಬಂತು. ಮೇಷ್ಟ್ರು ಆಡಿದ ಮಾತು ಉಳಿಸಿಕೊಂಡರು, ಅದನ್ನು ಅಲ್ಲಗಳೆಯಲಾರೆ. ಅವಳ ಭಾವ ಅಕ್ಕಪಕ್ಕದವರನ್ನೆಲ್ಲ ಕರೆದು ಕೇಸರಿಬಾತು, ಕಾಫಿ ಕೊಡಿಸಿದರು. ನಾನೂ ಹೋಗಿದ್ದೆ. ಕುಮುದಾ ಹೊಸ ಸೀರೆಯುಟ್ಟು, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಓಡಾಡುತ್ತಿದ್ದಳು. ಪುಸ್ತಕ ಕೈಯಿಂದ ಕೈಗೆ ಹೋಗುವಾಗ, ಎಲ್ಲರ ಬೆರಳೂ ಅವಳ ಹೆಸರಿನ ಮೇಲೆ ಓಡುವಾಗ, ಅವಳು ಮಾತ್ರ ಚಿತ್ರವನ್ನು ನೋಡಲಿಲ್ಲ.

ಕೆಲವು ವರ್ಷ ಕಳೆದವು. ದೂರದ ಊರಿನ ಪಂಡಿತರೊಬ್ಬರು ಅದೇ ಹೂವನ್ನು ಬೇರೆ ಗುಡ್ಡಗಳಲ್ಲಿ ಕಂಡರು. ಎಲ್ಲ ಕಡೆಯೂ ನಡುವೆ ಕರಿ ಹೂವು. ಅದು ರೋಗವಲ್ಲ, ಅದೇ ಆ ಜಾತಿಯ ಗುರುತು, ಅದನ್ನು ನೋಡಿಯೇ ಇದನ್ನು ಬೇರೆ ಜಾತಿಯೆಂದು ತಿಳಿಯಬೇಕು ಎಂದು ಬರೆದರು. ಜೊತೆಗೇ ಇನ್ನೊಂದು ಮಾತು ಬರೆದರು: ಕುಮುದಾ ಎಂಬವರು ಬರೆದ ಚಿತ್ರವನ್ನು ನಂಬಬಾರದು, ಚಿತ್ರಗಾರ್ತಿ ಗಿಡವನ್ನು ಸರಿಯಾಗಿ ನೋಡಿದಂತಿಲ್ಲ.

ಸರಿಯಾಗಿ ನೋಡಿದಂತಿಲ್ಲವಂತೆ! ಆ ಸಾಲನ್ನು ಓದಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಉದ್ಯಾನದ ಮೇಲಧಿಕಾರಿಗಳು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಇದು ಹೇಗಾಯಿತೆಂದು ಕೇಳಿದರು. ಕುಮುದಾ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಕೆಳಗೆ ಹೆಸರಿದೆಯಲ್ಲ ಸ್ವಾಮಿ. ನನ್ನ ಹೆಸರಿರೋ ಚಿತ್ರಕ್ಕೆ ನಾನು ಜವಾಬು ಹೇಳ್ತೀನಿ."

ಅವರ ಹೆಸರಿನ ಚಿತ್ರಗಳು! ಗೋಡೆಯುದ್ದಕ್ಕೂ ತೂಗುತ್ತಿದ್ದ ಗೊಂಚಲುಗಳೆಲ್ಲ ಅವಳ ಕೈಯವು, ಒಂದರಲ್ಲೂ ಒಂದು ಎಸಳು ತಪ್ಪಿರಲಿಲ್ಲ. ನಾನು ಬಾಯಿಬಿಟ್ಟೆ, ಮೇಷ್ಟ್ರೇ ತುಂಬಿಸಿದ್ದು ಎಂದೆ. ಮೇಲಧಿಕಾರಿಗಳು ಕುಮುದಾಳ ಕಡೆ ತಿರುಗಿ, ಕುಂಚ ಹಿಡಿದವರು ಯಾರಮ್ಮ ಎಂದರು. ನಾನೇ ಎಂದಳು. ಅಲ್ಲಿಗೆ ಮುಗಿಯಿತು.

ಭಾವನ ಕಿವಿಗೂ ಸುದ್ದಿ ಬಿತ್ತು. ಅವರು ಜಗಳವೇನೂ ಆಡಲಿಲ್ಲವಂತೆ. ಮೇಷ್ಟ್ರು ಬರೆದವೆಲ್ಲ ಸರಿಯಾಗಿದ್ದವು, ಇವಳು ಕೈಹಾಕಿದ್ದು ಒಂದೇ ಒಂದು, ಅದೂ ಕೆಟ್ಟಿತು ಎಂದರಂತೆ, ಊಟಕ್ಕೆ ಕೂತಾಗ, ಎಲ್ಲರ ಮುಂದೆ.

ಚಿತ್ರವನ್ನು ಗೋಡೆಗೆ ಹಾಕಿದ ದಿನ ಅವಳು ಮೇಲಧಿಕಾರಿಗಳ ಬಳಿಗೆ ಹೋಗಿ, ಗಾಜು ತೆಗೆಸಿಕೊಡಿ, ಸರಿಮಾಡುತ್ತೇನೆ ಎಂದು ಕೇಳಿಕೊಂಡಳು. ತಪ್ಪು ತಪ್ಪಾಗಿಯೇ ಇರಬೇಕು, ಅದಕ್ಕೇ ತೂಗುಹಾಕಿಸಿದ್ದು ಎಂದರು. ಹಿಂದಿರುಗಿ ಬಂದು ನನ್ನ ಮೇಜಿಗೆ ಒರಗಿ ನಿಂತಳು.

"ಒಂದು ತೊಟ್ಟು ಬಣ್ಣ ಕಣೇ. ಅಷ್ಟೇ ಸಾಕಿತ್ತು."

ಆಮೇಲೆಯೂ ಅವಳು ಗೊಂಚಲುಗಳನ್ನು ಬರೆದಳು, ಮೇಷ್ಟ್ರು ರುಜು ಹಾಕಿದರು. ಜವಾನ ಚನ್ನಪ್ಪ ಮಾತ್ರ ಗೊಣಗತೊಡಗಿದ. ಆ ಗಾಜಿನ ಮೇಲೆ ನಟ್ಟನಡುವೆ ದಿನಾ ಒಂದು ಕರಿ ಚುಕ್ಕೆ ಇರುತ್ತದೆ, ಜಿಡ್ಡು ಜಿಡ್ಡು, ಎಷ್ಟು ಒರೆಸಿದರೂ ಮಾರನೆಯ ದಿನ ಮತ್ತೆ ಹಾಜರು ಎನ್ನುತ್ತಿದ್ದ. ಕುಮುದಾ ತಲೆ ಎತ್ತುತ್ತಿರಲಿಲ್ಲ. ಅವಳ ತೋರುಬೆರಳಿನ ತುದಿಯಲ್ಲಿ ಕಾಡಿಗೆ ಇರುತ್ತಿತ್ತು. ನಾನು ಕಂಡೂ ಕಾಣದವಳಂತೆ ಎಲೆ ಬರೆಯುತ್ತಿದ್ದೆ.

ಅವಳು ಹೋಗಿ ಬಹಳ ಕಾಲವಾಯಿತು. ಮೇಷ್ಟ್ರೂ ಹೋದರು, ಅವರ ಹೆಸರಿನಲ್ಲಿ ಈಗೊಂದು ಸಭಾಂಗಣವಿದೆ. ಈಚೆಗೆ ಆ ಕಡೆ ಹೋಗಿದ್ದವಳು ಚಿತ್ರಶಾಲೆಯೊಳಗೆ ಇಣುಕಿದೆ. ಅದೇ ಗೋಡೆ, ಅದೇ ಮೊಳೆ. ಕಾಡಿಗೆ ಹಚ್ಚುವ ವಯಸ್ಸು ನನ್ನದಲ್ಲ, ಆದರೂ ಮನೆಯಿಂದ ಹೊರಡುವಾಗ ಬೆರಳಿಗೆ ಒಂದಿಷ್ಟು ಒರೆಸಿಕೊಂಡಿದ್ದೆ. ಕೈ ಎತ್ತಿದೆ. ಹಿಂದಿನಿಂದ ಹೊಸ ಜವಾನ ಮೆತ್ತಗೆ ಹೇಳಿದ:

"ಮುಟ್ಬೇಡಿ ಅಜ್ಜಿ, ಈಗಷ್ಟೇ ಒರೆಸಿದೀನಿ."

ಕೈ ಇಳಿಸಿದೆ. ಗಾಜು ಫಳಫಳ ಹೊಳೆಯುತ್ತಿತ್ತು. ಅದರ ಹಿಂದೆ ಒಂದು ಚುಕ್ಕೆಯೂ ಇಲ್ಲದ ಬೆಳ್ಳನೆಯ ತುಂಬು ಗೊಂಚಲು, ಕೆಳಗೆ ಸ್ಪಷ್ಟವಾದ ಅಕ್ಷರಗಳಲ್ಲಿ ಅವಳ ಹೆಸರು.