ಓಡಿಸುವ ಕೆಲಸವಿಲ್ಲದ ದಿನ

“ಹಾ ಅನ್ನು.”

ಶವದ ವ್ಯಾನಿನ ಡ್ರೈವರ್ ತುಟಿ ಬಿಗಿಹಿಡಿದು, ಮೂಗಿನಲ್ಲೇ ಉಸಿರಾಡುತ್ತ ಅಂಗಳದಲ್ಲಿ ನಿಂತಿದ್ದ.

“ಬಾಯಿ ಬಿಟ್ಟು ಹಾ ಅನ್ನಪ್ಪಾ. ನಿನ್ನ ಮೂಗು ಯಾರು ಕೇಳಿದ್ರು?”

ಅವನು ‘ಹಾ’ ಎಂದ. ಆ ಒಂದು ಹಾಕಾರಕ್ಕೆ ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕು ಎದ್ದು ಪಕ್ಕದ ಬೀದಿಗೆ ಹೋಯಿತು. ಹತ್ತಿರದಲ್ಲಿ ಯಾರಾದರೂ ಬೆಂಕಿಕಡ್ಡಿ ಗೀರಿದ್ದರೆ ಅಂದಿನ ಕಾರ್ಯ ಸ್ಮಶಾನದ ತನಕ ಹೋಗಬೇಕಾಗಿಯೇ ಇರಲಿಲ್ಲ, ಅಂಗಳದಲ್ಲೇ ಎಲ್ಲರದೂ ಒಟ್ಟಿಗೆ ಮುಗಿಯುತ್ತಿತ್ತು.

ಕೀ ಮಾವನ ಹೆಂಡತಿ ಅವನ ಕೈಯಿಂದ ವ್ಯಾನಿನ ಕೀ ಕಿತ್ತುಕೊಂಡಳು.

“ಒಂದೇ ಗುಟುಕು, ಅತ್ತೆ,” ಎಂದ ಡ್ರೈವರ್. “ಇದು ಅವರ ಪಾಲು ಅಂತ ಕೈಗಿಟ್ರು. ಸತ್ತವರ ಪಾಲು ಬೇಡ ಅನ್ನೋಕಾಗುತ್ತಾ?”

“ಒಂದು ಗುಟುಕಿಗೆ ಬೆಕ್ಕು ಓಡಿ ಹೋಗಲ್ಲ. ಈಗ ಯಾರಪ್ಪಾ ಓಡಿಸೋರು?”

ಗಂಡ ಊರಿಗೆಲ್ಲ ಮಾವನಾಗಿದ್ದರಿಂದ ಆಕೆ ಊರಿಗೆಲ್ಲ ಅತ್ತೆ. ಆ ಮಾವ ಒಳಗೆ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಹಿಂದಿನ ದಿನ ಕೆಲಸ ಮುಗಿಸಿ ಬಂದು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಸ್ಮಶಾನ ಊರಿನ ಆಚೆ ತುದಿಗೆ, ಸೇತುವೆ ದಾಟಿ. ಅದರ ಗೇಟು ಐದಕ್ಕೆ ಮುಚ್ಚುತ್ತದೆ. ನಾಳೆ, ನಾಳಿದ್ದು ರಜೆ. ಹೊರಗೆ ಬಿಸಿಲು ಸುರಿಯುತ್ತಿತ್ತು. ಅತ್ತೆ ಒಮ್ಮೆ ಬಿಸಿಲನ್ನು, ಒಮ್ಮೆ ಗೋಡೆ ಗಡಿಯಾರವನ್ನು, ಒಮ್ಮೆ ಗಂಡನನ್ನು ನೋಡಿದಳು. ಮೂರು ಹೊಡೆದಾಗಿತ್ತು.

* * *

ಕೀ ಮಾವನ ಕೆಲಸವೆಂದರೆ ಕುಡಿದವರ ಕಾರನ್ನು ಅವರವರ ಮನೆಗೆ ಓಡಿಸಿ ಮುಟ್ಟಿಸುವುದು, ಕಾರಿನೊಳಗೆ ಅವರನ್ನೂ ಹಾಕಿಕೊಂಡು. ಬಾರಿನ ಬಾಗಿಲ ಪಕ್ಕದ ಮರದ ಸ್ಟೂಲೇ ಅವನ ಕಚೇರಿ. ತೂರಾಡುತ್ತ ಹೊರಬಂದವರ ಮುಂದೆ ಅಂಗೈ ಚಾಚಿ “ಕೀ” ಎನ್ನುತ್ತಿದ್ದ. ಭಾಷಣ ಅಷ್ಟೇ. ಎಂಥ ಹುಲಿಯಂಥ ಗಂಡಸೂ ಆ ಅಂಗೈಯ ಮುಂದೆ ಇಲಿಯಾಗಿ ಜೇಬು ತಡಕಾಡುತ್ತಿದ್ದ. ಅವನಷ್ಟು ಬಗೆಯ ಕಾರು ಓಡಿಸಿದವರು ಭೂಮಿಯ ಮೇಲೆ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಇಲ್ಲ. ಕಾರು ತಯಾರಿಸುವವರಿಗೇ ತಾವು ತಯಾರಿಸಿದ್ದು ಮರೆತುಹೋಗಿದ್ದ ಕಾರುಗಳ ಗೇರುಗಳು ಕೂಡ ಅವನ ಕೈಗೆ ಸಿಕ್ಕಿದ್ದವು. ತನ್ನದೆಂದು ಒಂದು ಸೈಕಲ್ಲೂ ಇರಲಿಲ್ಲ. ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಒಡೆಯನನ್ನು ಸೋಫಾಕ್ಕೆ ಒರಗಿಸಿ, ಕೀಯನ್ನು ಹೆಂಡತಿಯ ಕೈಗಿಟ್ಟು ನಡೆದೇ ಹಿಂದಿರುಗುತ್ತಿದ್ದ. ಅವನು ನಡೆದ ದಾರಿಯನ್ನು ಉದ್ದಕ್ಕೆ ಹಾಸಿದರೆ ಚಂದ್ರನಿಗೆ ಹೋಗಿ, ಅಲ್ಲಿ ಚಪ್ಪಲಿ ಹೊಲಿಸಿಕೊಂಡು, ತಿರುಗಿ ಬರಬಹುದಿತ್ತು.

“ಮಾವ, ನೀವೂ ಒಂದು ತಗೊಳ್ಳಿ,” ಎಂದು ಬಾರಿನ ಮಾಲೀಕ ದಿನವೂ ಕರೆಯುತ್ತಿದ್ದ.

“ಓಡಿಸೋ ಕೆಲಸ ಇಲ್ಲದ ದಿನ ನೋಡೋಣ ಬಿಡು,” ಎಂದು ಮಾವ ದಿನವೂ ಅನ್ನುತ್ತಿದ್ದ.

ಈ ದಿನ ಮಧ್ಯಾಹ್ನ, ಅತ್ತೆ ಒಳಮನೆಯಲ್ಲಿದ್ದಾಗ, ಬಾರಿನ ಮಾಲೀಕ ಹೆಣದ ಕಾಲ ಬಳಿ ನಿಂತು ಒಂದು ಮಾತು ಹೇಳಿದ: “ಇವತ್ತು ಮಾವನಿಗೆ ಓಡಿಸೋ ಕೆಲಸ ಇಲ್ಲ.” ಗಂಡಸರೆಲ್ಲ ಒಟ್ಟಿಗೆ ಅತ್ತರು. ಆ ಕಣ್ಣೀರಿಗೆ ನಡುಮನೆಯ ಚಾಪೆ ತೇಲಿತು ಎಂದರೂ ನಂಬಬೇಕು. ಆಮೇಲೆ ಮಾಲೀಕ ತನ್ನ ಡಿಕ್ಕಿ ತೆರೆದ. ಮಾವ ಇಷ್ಟು ವರ್ಷ ಬೇಡವೆಂದ ಪಾಲೆಲ್ಲ ಅದರಲ್ಲಿತ್ತು. ಒಂದು ಲೋಟ ಮಾವನ ಪಕ್ಕದಲ್ಲಿಡಲು ಹೋದರು. ಮಾಲೀಕನ ಕೈ ಜಾರಿ ಅದು ಮಾವನ ಎದೆಯ ಮೇಲೇ ಚೆಲ್ಲಿತು. ಉಳಿದದ್ದನ್ನು ಹಂಚಿಕೊಂಡರು. ವಕೀಲರು, ಹಲ್ಲಿನ ಡಾಕ್ಟರು, ಊರಿನ ಅಷ್ಟೂ ಟ್ಯಾಕ್ಸಿಯವರು, ಕೊನೆಗೆ ವ್ಯಾನಿನ ಡ್ರೈವರ್. ಆಮೇಲೆ ಗಾಡಿ ಯಾರು ಓಡಿಸುತ್ತಾರೆಂದು ಒಬ್ಬನಿಗೂ ಹೊಳೆಯಲಿಲ್ಲ. ಕುಡಿಯುವಾಗ ಆ ಯೋಚನೆ ಮಾಡಿ ಅವರಿಗೆ ಅಭ್ಯಾಸವೇ ಇರಲಿಲ್ಲ.

* * *

“ಹೆಗಲ ಮೇಲೆ ಹೊತ್ಕೊಂಡು ಹೋಗೋಣ, ಅತ್ತೆ,” ಎಂದರು ಹಲ್ಲಿನ ಡಾಕ್ಟರು, ಗೋಡೆ ಹಿಡಿದುಕೊಂಡು.

“ನಿಮ್ಮ ತಲೇನೇ ನಿಮ್ಮ ಹೆಗಲ ಮೇಲೆ ನಿಲ್ತಿಲ್ಲ, ಇವರನ್ನ ನಿಲ್ಲಿಸ್ತೀರಾ?”

ಕುಡಿಯದೆ ಉಳಿದವರಿಗೆ ಓಡಿಸಲು ಬರುವುದಿಲ್ಲ. ಓಡಿಸಲು ಬರುವವರು ನೆಟ್ಟಗೆ ನಿಲ್ಲುವ ಸ್ಥಿತಿಯಲ್ಲಿಲ್ಲ. ವ್ಯಾನಿನ ಕಚೇರಿಗೆ ಫೋನು ಮಾಡಿದರೆ, ಇರುವ ಇನ್ನೊಬ್ಬ ಡ್ರೈವರ್ ಬೇರೆ ಊರಿಗೆ ಹೋಗಿದ್ದಾನೆ, ಬರುವಷ್ಟರಲ್ಲಿ ಕತ್ತಲಾಗುತ್ತದೆ ಎಂದರು.

“ಅಮ್ಮಾ, ಕೀ ಇಲ್ಲಿ ಕೊಡು,” ಎಂದಳು ಮಗಳು.

“ನಿನ್ನ ಹತ್ರ ಇರೋದು ಕಲಿಯೋರ ಲೈಸೆನ್ಸು.”

“ಹೌದು.”

“ಪಕ್ಕದಲ್ಲಿ ಪೂರ್ತಿ ಲೈಸೆನ್ಸಿನವರು ಕೂರಬೇಕು.”

“ಕೂರಬೇಕು. ಕುಡಿದಿರಬಾರದು. ನಂಗೊತ್ತು.”

“ಸೇತುವೆ ಹತ್ರ ಹಿಡಿದ್ರೆ? ಬರೋ ವಾರ ನಿನ್ನ ಪರೀಕ್ಷೆ. ಕೇಸು ಬಿದ್ರೆ ಲೈಸೆನ್ಸಿನ ಕತೆ ಮುಗೀತು. ಮುಂದೆ ಅಪ್ಪನ ಜಾಗದಲ್ಲಿ ನೀನು ಕೂರಬೇಕು ಅಂತ ಅಲ್ವೇನೆ ಇಷ್ಟೆಲ್ಲ ಕಲಿತಿದ್ದು?”

“ಐದಕ್ಕೆ ಗೇಟು ಮುಚ್ಚಿದ್ರೆ ಅಪ್ಪ ಮೂರು ದಿನ ಈ ಬಿಸಿಲಲ್ಲಿ ಇರಬೇಕಮ್ಮಾ.”

ಅತ್ತೆ ಇನ್ನೊಮ್ಮೆ ಗಡಿಯಾರ ನೋಡಿದಳು. ಕೀ ಕೊಟ್ಟಳು. ಮಗಳು ಮೊದಲು ಕೆಂಪಕ್ಷರದ ಎಲ್ ಬೋರ್ಡುಗಳನ್ನು ತಂದು ವ್ಯಾನಿನ ಮುಂದಕ್ಕೊಂದು ಹಿಂದಕ್ಕೊಂದು ಕಟ್ಟಿದಳು. ಹೆಣದ ಗಾಡಿಗೆ ಎಲ್ ಬೋರ್ಡು ಬಿದ್ದದ್ದು ಪ್ರಪಂಚದ ಚರಿತ್ರೆಯಲ್ಲೇ ಮೊದಲು.

ಅತ್ತೆ ಗೇಟಿಗೆ ಅಡ್ಡ ನಿಂತು ಸೆರಗು ಒಡ್ಡಿದಳು. “ಕೀ ಹಾಕಿ. ಎಲ್ಲರೂ. ವಕೀಲರೇ, ನಿಮ್ಮದೂ.”

“ನನ್ನ ಆಸ್ತಿಯನ್ನ ಜಪ್ತಿ ಮಾಡೋಕೆ ನಿಮಗೆ ಅಧಿಕಾರ…” ಎಂದು ಶುರು ಮಾಡಿದ ವಕೀಲರು ಆಕೆಯ ಮುಖ ನೋಡಿ ಕೀ ಹಾಕಿದರು.

ವ್ಯಾನು ಎರಡು ಸಲ ಜಿಗಿದು, ಮೂರನೆಯ ಸಲ ಹೊರಟಿತು. ಊರಿನ ಕುಡುಕರೆಲ್ಲ ಸಾಲಾಗಿ ಅದರ ಹಿಂದೆ ನಡೆದರು.

* * *

ಹಲ್ಲಿನ ಡಾಕ್ಟರ ಕಾರಿನಲ್ಲಿ, ಸಂತೆಯಿಲ್ಲದ ದಿನದ ಖಾಲಿ ಮೈದಾನದಲ್ಲಿ, ಕೀ ಮಾವ ಮಗಳಿಗೆ ಓಡಿಸಲು ಕಲಿಸಿದ್ದ. ಕ್ಲಚ್ಚು, ಗೇರು ಅರ್ಧ ಪಾಠ. ಉಳಿದರ್ಧ ಪೊಲೀಸರದು. ಎಳನೀರಿನ ಪ್ಲಾಸ್ಟಿಕ್ ಕೊಳವೆ ಹಿಡಿದು ತಾನೇ ಪೊಲೀಸಾಗಿ ಕಾರಿಗೆ ಅಡ್ಡ ನಿಲ್ಲುತ್ತಿದ್ದ.

“ನಿಲ್ಸಮ್ಮಾ! ಈಗ ಏನು ಮಾಡ್ತೀಯ?”

“ಪಕ್ಕಕ್ಕೆ ಹಾಕ್ತೀನಿ. ಎಂಜಿನ್ ಆಫ್. ಗಾಜು ಇಳಿಸ್ತೀನಿ. ಎರಡೂ ಕೈ ಸ್ಟೀರಿಂಗ್ ಮೇಲೆ.”

“ಊದು ಅಂದ್ರೆ?”

“ಹೊಸ ಕೊಳವೆ ನನ್ನ ಮುಂದೇನೇ ಕವರಿಂದ ತೆಗೀರಿ ಅಂತ ಕೇಳ್ತೀನಿ. ಊದಿ ಆದ್ಮೇಲೆ ಅಂಕಿ ತೋರಿಸಿ ಅಂತೀನಿ. ತಪ್ಪು ತೋರಿಸ್ತಿದೆ ಅನ್ನಿಸಿದ್ರೆ ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡ್ಸಿ ಅಂತೀನಿ.”

“ಊದಲ್ಲ ಅಂತ ಹಟ?”

“ಮಾಡಲ್ಲ. ಅದಕ್ಕೇ ಬೇರೆ ಕೇಸಾಗುತ್ತೆ.”

“ಕೇಳಿದ್ದಕ್ಕೆ ನಿಜ ಹೇಳು. ಕೇಳದೇ ಇದ್ದದ್ದನ್ನ ನೀನಾಗಿ ಬಡಬಡಿಸಬೇಡ. ಹಕ್ಕು ನಿಂದೇ, ಆದ್ರೆ ಮೆಲ್ಲಗೆ ಕೇಳು. ನಮ್ಮ ವಕೀಲರು ಒಂದ್ಸಲ ಹಿಂದಿನ ಸೀಟಿಂದ ‘ನಂಗೆ ಸುಮ್ಮನಿರೋ ಹಕ್ಕಿದೆ’ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿಕೊಂಡ್ರು. ಒಂದು ಹನಿ ಕುಡಿಯದ ನಾನು ಅರ್ಧ ದಿನ ಸ್ಟೇಷನ್ನಲ್ಲಿ ಕೂತಿದ್ದೆ.”

* * *

ಸೇತುವೆಯ ಬಾಯಲ್ಲಿ ತಡೆಗೋಲು ಇಟ್ಟಿದ್ದರು. ರಜೆಯ ಹಿಂದಿನ ದಿನ ಅಲ್ಲಿ ಹಗಲಲ್ಲೂ ತಪಾಸಣೆ. ವ್ಯಾನನ್ನು ಕಂಡ ಎಸ್ಸೈ ಮೊದಲು ಹಾದುಹೋಗಲು ಕೈಬೀಸಿದ. ಆಮೇಲೆ ಎಲ್ ಬೋರ್ಡು ಕಂಡ. ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು.

ಮಗಳು ಪಕ್ಕಕ್ಕೆ ಹಾಕಿದಳು. ಎಂಜಿನ್ ನಿಲ್ಲಿಸಿದಳು. ಗಾಜು ಇಳಿಸಿದಳು. ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟಳು. ಪಕ್ಕದಲ್ಲಿ ಅತ್ತೆ ಮಡಿಲ ತುಂಬ ಕಾರಿನ ಕೀಗಳನ್ನು ಇಟ್ಟುಕೊಂಡು ಕಳ್ಳಸಾಗಣೆಯವಳಂತೆ ಕೂತಿದ್ದಳು.

ಎಸ್ಸೈ ಕಿಟಕಿಗೆ ಬಗ್ಗಿದವನೇ ಹಿಂದಕ್ಕೆ ಸರಿದ. ಒಳಗಿಂದ ಒಂದಿಡೀ ಬಾರಿನ ವಾಸನೆ ಹೊಡೆಯುತ್ತಿತ್ತು.

“ಎಷ್ಟು ಕುಡಿದಿದೀಯಮ್ಮಾ?”

“ಕುಡಿದಿಲ್ಲ ಸರ್.”

“ಊದು.”

“ಹೊಸ ಕೊಳವೆ ನನ್ನ ಮುಂದೆ ತೆಗೀತೀರಾ, ಸರ್?”

ಎಸ್ಸೈ ಅವಳ ಮುಖ ನೋಡಿ ಕವರು ಹರಿದ. ಅವಳು ಊದಿದಳು. ಯಂತ್ರ ಸೊನ್ನೆ ತೋರಿಸಿತು. ಎಸ್ಸೈ ಯಂತ್ರಕ್ಕೆ ಎರಡೇಟು ತಟ್ಟಿ, ಇನ್ನೊಂದು ಕೊಳವೆ ಹಾಕಿದ. ಮತ್ತೆ ಸೊನ್ನೆ.

“ಹಾಗಾದ್ರೆ ಈ ವಾಸನೆ ಯಾರದು?”

“ಅಪ್ಪಂದು, ಸರ್. ಅವರೂ ಕುಡಿದಿಲ್ಲ. ಮೇಲೆ ಚೆಲ್ಲಿದೆ.”

ಅಷ್ಟರಲ್ಲಿ ಹಿಂದಿನ ಮೆರವಣಿಗೆ ಬಂದು ಸೇರಿತು. ವಕೀಲರು ಎರಡೂ ಕೈ ಎತ್ತಿದರು. “ಸಾಹೇಬ್ರೇ, ನಾವು ಯಾರೂ ಊದಲ್ಲ! ನಡ್ಕೊಂಡು ಹೋಗೋರನ್ನ ಊದಿಸೋ ಹಾಗಿಲ್ಲ!”

“ನಿಮ್ಮನ್ನ ಯಾರ್ರೀ ಕೇಳಿದ್ರು?”

“ಕೇಳಿದ್ರೂ ಊದಲ್ಲ!”

“ಅವರ ಬಾಯಿಗೆ ಕರ್ಚೀಫು ತುರುಕ್ರೋ,” ಎಂದಳು ಅತ್ತೆ ಕಿಟಕಿಯಿಂದಲೇ. ಹಲ್ಲಿನ ಡಾಕ್ಟರು ಜೇಬಿಗೆ ಕೈಹಾಕಿದರು. ಬಾಯಿ ಅವರ ಇಲಾಖೆಯೇ.

ಎಸ್ಸೈ ಲೈಸೆನ್ಸು ತಿರುವಿ ನೋಡಿದ. ಗಡಿಯಾರ ನಾಲ್ಕೂವರೆ ದಾಟಿತ್ತು.

“ಇದು ಕಲಿಯೋರದು. ಪಕ್ಕದಲ್ಲಿರೋರಿಗೆ ಲೈಸೆನ್ಸ್ ಇದೆಯಾ?”

ಹೂಂ ಅಂದುಬಿಡು ಎಂಬಂತೆ ಅತ್ತೆ ಮಗಳ ತೊಡೆ ಚಿವುಟಿದಳು.

“ಇಲ್ಲ ಸರ್.”

“ಮತ್ತೆ ಲೈಸೆನ್ಸ್ ಇರೋರು ಯಾರಿದ್ದಾರೆ ಗಾಡೀಲಿ?”

“ಇದ್ದಾರೆ ಸರ್. ಹಿಂದೆ ಮಲಗಿದ್ದಾರೆ.”

ಎಸ್ಸೈ ಹಿಂದಕ್ಕೆ ಹೋಗಿ ಬಾಗಿಲು ತೆಗೆದ. ಮಗಳಿಗೆ ತನ್ನ ಎದೆಬಡಿತ ಸೇತುವೆಯ ಕಬ್ಬಿಣದಲ್ಲೆಲ್ಲ ಕೇಳುತ್ತಿರುವಂತೆ ಅನ್ನಿಸಿತು. ಅವನು ತಿರುಗಿ ಬಂದಾಗ ಟೋಪಿ ಕಂಕುಳಲ್ಲಿತ್ತು.

“ಗಾಡಿ ಹಿಡಿದಿಡಬೇಕು, ಕಾನೂನು ಅದು,” ಎಂದ. ಯಾರಿಗೋ ಫೋನು ಮಾಡಿದ. “ಸಾರ್, ಒಂದು ಬಾಡಿ… ಇಲ್ಲ ಸಾರ್, ಸೊನ್ನೆ… ಹುಡುಗಿ ಸೊನ್ನೆ, ಊರೆಲ್ಲ ಫುಲ್ಲು… ಠಾಣೆಗಾ? ಬಾಡಿ ಸಮೇತನಾ ಸಾರ್?” ಆ ಕಡೆಯವರು ಏನೋ ಕಿರುಚಿ ಇಟ್ಟುಬಿಟ್ಟರು. ಎಸ್ಸೈ ಫೋನನ್ನೇ ನೋಡುತ್ತ ನಿಂತ.

“ಸರ್,” ಎಂದಳು ಮಗಳು. ದನಿ ಕಿಟಕಿ ದಾಟಿದ್ದೇ ಹೆಚ್ಚು. “ಕೇಸು ಹಾಕಿ, ಸಹಿ ಮಾಡ್ತೀನಿ. ಆದ್ರೆ ಐದಕ್ಕೆ ಗೇಟು ಮುಚ್ಚುತ್ತೆ. ಪೂರ್ತಿ ಲೈಸೆನ್ಸ್ ಇದ್ದು, ಕುಡಿಯದೆ ಇರೋರು ಇಲ್ಲಿ ಯಾರಿದ್ದಾರೆ ಅಂತ ನೀವೇ ನೋಡಿ.”

ಎಸ್ಸೈ ಸುತ್ತ ನೋಡಿದ. ಒಬ್ಬ ಕಂಬ ಹಿಡಿದಿದ್ದ. ಇಬ್ಬರು ಒಬ್ಬರನ್ನೊಬ್ಬರು ಹಿಡಿದಿದ್ದರು. ವಕೀಲರ ಬಾಯಲ್ಲಿ ಕರ್ಚೀಫಿತ್ತು. ಅವನು ಯಂತ್ರವನ್ನು ತಡೆಗೋಲಿನ ಬಳಿಯಿದ್ದ ಪೇದೆಯ ಕೈಗೆ ಕೊಟ್ಟ.

“ಅಮ್ಮಾ, ನೀವು ಹಿಂದೆ ಹೋಗಿ,” ಎಂದು ಅತ್ತೆಗೆ ಹೇಳಿ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡ. “ನಾನು ನಿಂಗೆ ಉಪಕಾರ ಮಾಡ್ತಿಲ್ಲ, ತಿಳೀತಾ? ಗಾಡೀಲಿ ಈಗ ಲೈಸೆನ್ಸಿನವನಿದ್ದಾನೆ, ಅಷ್ಟೇ. ಕನ್ನಡಿ ನೋಡು. ಮೆಲ್ಲಗೆ ಕ್ಲಚ್ಚು ಬಿಡು. ಮೆಲ್ಲಗೆ ಅಂದೆ!”

ವ್ಯಾನು ಸೇತುವೆ ದಾಟಿತು. ಸ್ಮಶಾನದ ಮುಂದೆ ರಸ್ತೆ ಏರು. ಅಂಥಿಂಥ ಏರಲ್ಲ, ಹಕ್ಕಿಗಳೂ ಅಲ್ಲಿ ಅರ್ಧಕ್ಕೆ ಕೂತು ಸುಧಾರಿಸಿಕೊಂಡು ಹಾರುತ್ತವೆ. ನಡುವೆ ವ್ಯಾನು ಗಕ್ಕನೆ ನಿಂತಿತು. ಕೀ ತಿರುಗಿಸಿದರೆ ಬರೀ ಟಿಕ್ ಟಿಕ್. ಇನ್ನೊಮ್ಮೆ. ಟಿಕ್. ಮೇಲೆ ಕಾವಲುಗಾರ ಗೇಟಿನ ಒಂದು ಬಾಗಿಲನ್ನು ಆಗಲೇ ಎಳೆದಾಗಿತ್ತು.

“ಬ್ರೇಕು ಬಿಡಬೇಡ,” ಎಂದ ಎಸ್ಸೈ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. “ಬ್ಯಾಟರಿ ಸತ್ತಿದೆ.”

ವಕೀಲರು ಏದುಸಿರು ಬಿಡುತ್ತ ಕಿಟಕಿಯ ಬಳಿ ಬಂದು ಕರ್ಚೀಫು ತೆಗೆದರು. “ಸಾಹೇಬ್ರೇ, ಕುಡಿದು ಗಾಡಿ ತಳ್ಳಬಾರದು ಅಂತ ಕಾನೂನು ಇದೆಯಾ?”

ಎಸ್ಸೈ ತನಗೆ ಗೊತ್ತಿದ್ದ ಕಾನೂನನ್ನೆಲ್ಲ ತಲೆಯಲ್ಲೇ ತಿರುವಿ ಹಾಕಿದ.

“ಗೇರು ನ್ಯೂಟ್ರಲ್‌ಗೆ ಹಾಕು,” ಎಂದ ಮಗಳಿಗೆ. “ಅವರು ಹಿಡಿದ್ಮೇಲೆ ಬ್ರೇಕು ಬಿಡು.”

ಅವಳು ಕನ್ನಡಿ ನೋಡಿದಳು. ಹಿಂದಿನ ಗಾಜಿನ ತುಂಬ ಅಂಗೈಗಳು ಒಂದರ ಪಕ್ಕ ಒಂದು ಬಂದು ಒತ್ತಿಕೊಂಡವು. ಉಗುರ ಸಂದಿಯಲ್ಲಿ ಆಯಿಲು ಕಟ್ಟಿದವು, ಉಂಗುರ ತೊಟ್ಟವು, ನಡುಗುವವು, ಬೆವರಿದವು. ಅವಳು ಬ್ರೇಕಿನಿಂದ ಕಾಲು ತೆಗೆದಳು. ಕೂದಲೆಳೆಯಷ್ಟು ಹಿಂದಕ್ಕೆ ಸರಿದ ವ್ಯಾನು ಆ ಅಂಗೈಗಳ ಮೇಲೆ ನಿಂತಿತು. ಆಮೇಲೆ ಎಂಜಿನ್ನಿನ ಸದ್ದಿಲ್ಲದೆ, ಚಪ್ಪಲಿಗಳ ಸದ್ದಿನಲ್ಲಿ, ತೆರೆದಿದ್ದ ಅರ್ಧ ಬಾಗಿಲಿನತ್ತ ಏರತೊಡಗಿತು.