ಪರೀಕ್ಷಿಸಿದವರು: ಹನ್ನೊಂದು

ಹಳೆಯ ಹಾಸುಬಟ್ಟೆಯ ಪಟ್ಟಿಗಳನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡುತ್ತಿದ್ದೆ. ಹಿಂಡುವುದಕ್ಕೂ ಒಂದು ಹದವಿದೆ. ನೀರು ತೊಟ್ಟಿಕ್ಕಬಾರದು, ಹಾಗಂತ ಗಾಳಿಗೆ ಹಾಕಿದ ಬಟ್ಟೆಯಂತೆಯೂ ಇರಬಾರದು. ಕೆನ್ನೆಗೆ ಒತ್ತಿಕೊಂಡರೆ ತಣ್ಣಗನ್ನಿಸಬೇಕು, ತೆಗೆದರೆ ಕೆನ್ನೆ ಒದ್ದೆಯಾಗಿರಬಾರದು. ಅಂಥ ಇಪ್ಪತ್ತು ಪಟ್ಟಿಗಳನ್ನು ಮೇಜಿನ ಅಂಚಿಗೆ ನೇತುಹಾಕಿದ ಮೇಲೆಯೇ ನನ್ನ ದಿನ ಶುರುವಾಗುತ್ತಿದ್ದದ್ದು.

ಒಣಬಟ್ಟೆಯನ್ನು ಯಾವ ಕತ್ತರಿಯಾದರೂ ಕತ್ತರಿಸುತ್ತದೆ. ಒದ್ದೆಬಟ್ಟೆಯ ಮುಂದೆ ಅದರ ಬಣ್ಣ ಬಯಲಾಗುತ್ತದೆ. ಮೊದಲು ಒಂದು ಹಿಡಿಯನ್ನು ಹಿಡಿದು ಇನ್ನೊಂದನ್ನು ಬಿಡಬೇಕು. ಅಲಗು ತಾನಾಗಿ ನಿಧಾನಕ್ಕೆ ಇಳಿದು, ಮುಚ್ಚಲು ಸ್ವಲ್ಪ ಬಾಕಿಯಿರುವಾಗ ನಿಲ್ಲಬೇಕು. ದೊಪ್ಪನೆ ಬಿದ್ದರೆ ತಿರುಪು ಸಡಿಲ, ಇಳಿಯದೇ ಹಟ ಹಿಡಿದರೆ ಬಿಗಿ. ಆಮೇಲೆ ಒದ್ದೆಬಟ್ಟೆ, ಬುಡದಿಂದ ಮೊನೆಯವರೆಗೆ. ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಒಳ್ಳೆಯ ಕತ್ತರಿ ಒಂದೇ ಉಸಿರಿನಲ್ಲಿ ಹೋಗುತ್ತದೆ. ಕೆಟ್ಟದ್ದು ಮೊನೆಯ ಹತ್ತಿರ ಬಂದಾಗ ತೊದಲುತ್ತದೆ.

ಇಪ್ಪತ್ತೇಳು ವರ್ಷ ಆ ತೊದಲು ಕೇಳಿಸಿಕೊಂಡು ಬದುಕಿದವಳು ನಾನು. ನನ್ನ ಕೈ ದಾಟಿದ ಕತ್ತರಿಯ ಪೆಟ್ಟಿಗೆಯೊಳಗೆ ಬೆರಳಗಲದ ಒಂದು ಚೀಟಿ ಹೋಗುತ್ತಿತ್ತು: 'ಪರೀಕ್ಷಿಸಿದವರು: 11.' ಊರೂರಿಗೆ ಹೋದದ್ದು ಆ ಅಂಕಿ, ನನ್ನ ಹೆಸರಲ್ಲ. ಕಾರ್ಖಾನೆಯಲ್ಲೂ ಹೆಸರು ಎಲ್ಲರಿಗೂ ಮರೆತುಹೋಗಿತ್ತು. ನಾನು ಹನ್ನೊಂದಕ್ಕ.

"ಹನ್ನೊಂದಕ್ಕಾ, ನಿನಗೊಂದು ಪ್ರೇಮಪತ್ರ ಬಂದಿದೆ," ಅಂತ ಬಂದ ಅಂಟಣ್ಣ. ಮಾಲು ಕಳಿಸುವ ವಿಭಾಗದವನು. ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಿ ಅಂಟಿಸಿ ಅವನ ಬೆರಳು ಯಾವಾಗಲೂ ಒಂದಕ್ಕೊಂದು ಮೆತ್ತಿಕೊಂಡಿರುತ್ತಿದ್ದವು.

"ಈ ವಯಸ್ಸಲ್ಲಿ ನನಗೆ ಬರೋದು ಕಣ್ಣಿನ ಡಾಕ್ಟರ ಕಾಗದ ಒಂದೇ. ಕೊಡು ಇಲ್ಲಿ."

ಲಕೋಟೆಯ ಮೇಲೆ 'ಹನ್ನೊಂದನೇ ನಂಬರಿನವರಿಗೆ, ಕತ್ತರಿ ಕಾರ್ಖಾನೆ' ಎಂದಿತ್ತು. ಬರೆದವರು ದೂರದ ಊರಿನ ಒಬ್ಬ ದರ್ಜಿ.

'ತಾವು ಗಂಡಸರೋ ಹೆಂಗಸರೋ ತಿಳಿಯದು,' ಅಂತ ಶುರು. 'ಹದಿನಾಲ್ಕು ವರ್ಷದಿಂದ ನಿಮ್ಮ ಅಂಕಿ ಇರುವ ಕತ್ತರಿಯನ್ನೇ ಕೇಳಿ ಕೊಳ್ಳುತ್ತೇನೆ. ಅಂಗಡಿಯವನು ಬೇರೆ ಅಂಕಿ ತೋರಿಸಿದರೆ ವಾಪಸು ಇಡುತ್ತೇನೆ. ಈ ಸಲ ಕೊಂಡ ಮೂರೂ ಮೊನೆಯಲ್ಲಿ ಬಟ್ಟೆ ಅಗಿಯುತ್ತಿವೆ. ಒಂದು ಮದುವೆಯ ಉಡುಪು ಹಾಳಾಯಿತು. ಅದಿರಲಿ, ಹೇಗೋ ಸರಿಮಾಡಿದೆ. ನನಗೆ ಚಿಂತೆ ಬೇರೆ. ನಿಮ್ಮ ಮೈಗೆ ಹುಷಾರಿಲ್ಲವೇ? ಕಣ್ಣೇನಾದರೂ ಮಂಜಾಗಿದೆಯೇ? ಇಷ್ಟು ವರ್ಷದಲ್ಲಿ ನೀವು ಹೀಗೆ ಮಾಡಿದವರಲ್ಲ.'

ಜೊತೆಗೆ ಒಂದು ತುಂಡು ಬಟ್ಟೆ ಪಿನ್ನು ಮಾಡಿದ್ದರು. ಅಂಚು ಇಲಿ ಕಡಿದ ಹಾಗಿತ್ತು. ಅದನ್ನು ನೋಡಿದ ಕ್ಷಣವೇ ಅದು ನನ್ನ ಕೈ ದಾಟಿದ ಕತ್ತರಿಯದಲ್ಲ ಅಂತ ಗೊತ್ತಾಯಿತು. ಹೆತ್ತ ಮಕ್ಕಳ ಅಳು ಗೊತ್ತಾಗುವುದಿಲ್ಲವೇ, ಹಾಗೆ.

"ಅಂಟಣ್ಣ, ನನ್ನ ಮುಖ ನೋಡಿ ಹೇಳು. ನಾನು ನೋಡದ ಕತ್ತರಿಗೆ ನನ್ನ ಚೀಟಿ ಯಾರು ಹಾಕ್ತಿದ್ದಾರೆ?"

ಅವನು ಬೆರಳು ಬಿಡಿಸಿಕೊಳ್ಳುವುದರಲ್ಲಿ ಮಗ್ನನಾದ.

"ಅಂಟಣ್ಣ."

"ಹಿಂದಿನ ಶೆಡ್ಡಲ್ಲಿ ಹೊಸ ಮಿಷನ್ ಇದೆಯಲ್ಲ ಅಕ್ಕ, ನಿನ್ನ ಮೇಜಿಗೆ ಬರದ ಮಾಲನ್ನೆಲ್ಲ ಅದೇ ಈಗ ಪರೀಕ್ಷೆ ಮಾಡೋದು. ಎರಡು ಸಲ ಗಾಳೀಲಿ ಕಚಕ್ ಕಚಕ್ ಅನ್ನಿಸುತ್ತೆ, ಪೆಟ್ಟಿಗೆಗೆ ಹಾಕುತ್ತೆ. ಚೀಟಿ ಎಲ್ಲಾದಕ್ಕೂ ಹನ್ನೊಂದೇ. ಐದು ತಿಂಗಳಾಯ್ತು."

"ಗಾಳಿ ಕತ್ತರಿಸ್ತಾ ಇದೆಯಾ?"

"ಹೂಂ."

"ಗಾಳಿ ಕತ್ತರಿಸೋಕೆ ಕತ್ತರಿ ಯಾಕೆ, ಅವರ ಬಾಯೇ ಸಾಕಲ್ಲ. ಹನ್ನೊಂದೇ ಯಾಕೆ?"

"ಹನ್ನೊಂದು ಅಂದ್ರೆ ದೂರು ಬರಲ್ಲ ಅಂತ ಅಂಗಡಿಯವರೆಲ್ಲ ಹೇಳ್ತಾರಂತೆ."

ಇಪ್ಪತ್ತೇಳು ವರ್ಷಕ್ಕೆ ನನಗೆ ಸಿಕ್ಕ ಎರಡನೇ ಹೊಗಳಿಕೆ ಅದು. ಮೊದಲನೆಯದು, ಸೇರಿದ ದಿನ ಹಳೆಯ ಯಜಮಾನರು 'ನಿನ್ನ ಕಿವಿ ಚೆನ್ನಾಗಿದೆ' ಎಂದದ್ದು. ಆಮೇಲೆ ಒಂಬತ್ತು ಜನ ಮೇಲ್ವಿಚಾರಕರು ಬಂದು ಹೋದರು. ಒಂಬತ್ತು ಜನಕ್ಕೂ ಒದ್ದೆಬಟ್ಟೆ ಹಿಂಡುವುದನ್ನು ಕಲಿಸಿದವಳು ನಾನೇ. ಮೇಲ್ವಿಚಾರಣೆಯ ಮೇಜು ಮಾತ್ರ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಒರಗುವ ಬೆನ್ನಿರುವ ಒಂದು ಸ್ಟೂಲು ಕೇಳಿದ್ದೆ. 'ನೋಡೋಣ' ಅಂದರು. ಕಾರ್ಖಾನೆಗೆ ಐವತ್ತು ತುಂಬಿದಾಗ ಫೋಟೋದವನು ಬಂದು ಅರ್ಧ ದಿನ ನನ್ನನ್ನು ನಿಲ್ಲಿಸಿ ತೆಗೆದ. ಕ್ಯಾಲೆಂಡರು ಬಂತು. ಅದರಲ್ಲಿ ನಾನಿದ್ದೆ, ಮೊಣಕೈವರೆಗೆ.

ಆ ಮಧ್ಯಾಹ್ನವೇ ಮೇಲಿನ ಆಫೀಸಿಗೆ ಹತ್ತಿದೆ. ಈಗ ಎಲ್ಲವನ್ನೂ ನಡೆಸುವವರು ಹಳೆಯ ಯಜಮಾನರ ಅಳಿಯ. ಇಡೀ ಕಾರ್ಖಾನೆಗೆ ಅವರು ಅಳಿಯಂದಿರೇ. ತಲೆನೆರೆತ ಕಾವಲುಗಾರ ಕೂಡ 'ಅಳಿಯಂದಿರು ಬಂದ್ರು' ಅಂತ ಗೇಟು ತೆಗೆಯುತ್ತಿದ್ದ.

ಕಾಗದವನ್ನು ಮೇಜಿನ ಮೇಲಿಟ್ಟೆ. ಅವರು ಓದಿ ನಕ್ಕರು.

"ನೋಡಿದ್ರಾ, ಜನಕ್ಕೆ ನಮ್ಮ ಕತ್ತರಿ ಮೇಲೆ ಎಷ್ಟು ಪ್ರೀತಿ!"

"ಪ್ರೀತಿ ಕತ್ತರಿ ಮೇಲಲ್ಲ ಸಾರ್, ಹನ್ನೊಂದರ ಮೇಲೆ. ಆ ಮೂರು ಕತ್ತರಿ ನಾನು ಮುಟ್ಟೇ ಇಲ್ಲ. ನನ್ನ ನಂಬರು ಅದರಲ್ಲಿ ಹೇಗೆ ಹೋಯ್ತು?"

"ನಂಬರು ಕಾರ್ಖಾನೇದಮ್ಮ. ಬಾಗಿಲ ಮೇಲೆ ನಂಬರ್ ಇರಲ್ವಾ, ಹಾಗೆ. ಒಳಗೆ ಯಾರಿದ್ರೂ ಬಾಗಿಲು ಅದೇ."

"ಬಾಗಿಲಿಗೆ ಯಾರೂ ಕಾಗದ ಬರೆದು ಹುಷಾರಾಗಿದ್ದೀಯಾ ಅಂತ ಕೇಳಲ್ಲ ಸಾರ್."

ಅವರ ನಗು ಸ್ವಲ್ಪ ಸಣ್ಣದಾಯಿತು. "ಇಷ್ಟು ವರ್ಷದಿಂದ ಇದ್ದೀರಿ, ಮನೆಯವರ ಹಾಗೆ. ಮನೆಯವರೇ ಹೀಗೆ ಮಾತಾಡಿದ್ರೆ ಹೇಗೆ? ಒಂದು ಕೆಲಸ ಮಾಡಿ. ಈ ದರ್ಜಿಗೆ ನೀವೇ ಎರಡು ಸಾಲು ಬರೆದುಬಿಡಿ. ಕತ್ತರಿ ಸರಿಯಾಗಿತ್ತು, ನಿಮ್ಮ ಅಂಗಡೀಲಿ ಕೆಳಗೆ ಬಿದ್ದಿರಬೇಕು ಅಂತ. ಹನ್ನೊಂದು ಹೇಳಿದ್ರೆ ನಂಬ್ತಾರೆ. ಬರೆಯೋಕೆ ಬರುತ್ತಲ್ಲ ನಿಮಗೆ? ಬರದಿದ್ರೆ ಆಫೀಸಲ್ಲಿ ಬರೆಸ್ತೀನಿ, ಹೆಬ್ಬೆಟ್ಟು ಒತ್ತಿ ಸಾಕು."

"ಬರೆಯೋಕೆ ಬರುತ್ತೆ," ಅಂದು ಕಾಗದ ವಾಪಸು ತಗೊಂಡೆ.

ಮರುದಿನ ನನ್ನ ಮೇಜಿನ ಹಿಂದೆ ಹೊಸ ಕುರ್ಚಿ ಬಂದಿತ್ತು. ಬೆನ್ನಿಗೆ ಒರಗು, ಕೂರುವಲ್ಲಿ ಮೆತ್ತೆ. ನಾನು ಅದರ ಮೇಲೆ ಬಕೆಟ್ಟು ಇಟ್ಟೆ.

ಅಷ್ಟು ಧೈರ್ಯ ಮಾಡಿದವಳು ಅಂದೇ ದರ್ಜಿಗೆ ನಿಜ ಬರೆದು ಹಾಕಬಹುದಿತ್ತು. ಬರೆಯಲಿಲ್ಲ. ಕಾಗದ ಏಳು ವಾರ ನನ್ನ ಏಪ್ರನ್ನಿನ ಜೇಬಿನಲ್ಲಿ ಕೂತಿತು. ನಿಜ ಬರೆದರೆ ಆ ಮೇಜು ಹೋಗುತ್ತದೆ. ಆ ಮೇಜು ಬಿಟ್ಟರೆ ಕಿವಿಯನ್ನು ಎಲ್ಲಿಗೆ ಒಯ್ಯಲಿ? ಸುಳ್ಳು ಬರೆದರೆ ಮೇಜು ಉಳಿಯುತ್ತದೆ, ಅದರ ಮುಂದೆ ನಿಲ್ಲುವವಳು ಉಳಿಯುವುದಿಲ್ಲ. ಹೆದರಿದ್ದೆ ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮನೆಯಲ್ಲಿ ನಾನು, ನನ್ನ ನಾದಿನಿ, ಇಬ್ಬರೇ. ನನ್ನವರು ತೀರಿಹೋಗುವಾಗ ತಂಗಿಯನ್ನು ನನ್ನ ಪಾಲಿಗೆ ಬಿಟ್ಟುಹೋಗಿದ್ದಾರೆ ಅಂತ ನಾನು ಹೇಳುತ್ತೇನೆ. ಅತ್ತಿಗೆಯನ್ನು ತನ್ನ ಪಾಲಿಗೆ ಬಿಟ್ಟುಹೋದ ಅಂತ ಅವಳು ಹೇಳುತ್ತಾಳೆ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನೆಲ ಒರೆಸಿದವಳು, ಮಾತಿಗೆ ಸೋಪು ಹಾಕುವವಳಲ್ಲ. ಒಂದು ಸಂಜೆ ಬಟಾಣಿ ಬಿಡಿಸುತ್ತಾ ಕೂತಿದ್ದಾಗ ಜೇಬಿನ ಕಾಗದ ಅವಳ ಕಣ್ಣಿಗೆ ಬಿತ್ತು.

"ಅತ್ತಿಗೆ, ಇದಕ್ಕಿನ್ನೂ ಉತ್ತರ ಬರೆದಿಲ್ವಾ? ಮೊಟ್ಟೆ ಇಟ್ಟು ಕಾವು ಕೊಡ್ತಾ ಇದ್ದೀಯಾ?"

"ಬರೀತೀನಿ ಕಣೇ. ಅವಸರ ಏನಿದೆ?"

"ಅವಸರ ಇಲ್ಲ. ಇಪ್ಪತ್ತೇಳು ವರ್ಷ ನೋಡೋಣ ಅಂದವರ ಹತ್ತಿರ ಕೆಲಸ ಮಾಡಿ ನಿಂಗೂ ಅದೇ ರೋಗ ಅಂಟಿದೆ."

"ನಿಂಗೇನು, ಬಾಯಿ ಇದೆ ಅಂತ ಆಡ್ತೀಯ. ನಾಳೆ ಗೇಟಿನ ಹೊರಗೆ ನಿಲ್ಲಿಸಿದ್ರೆ?"

"ನಿಲ್ಲಿಸಲಿ. ನಿನ್ನ ನಿಲ್ಲಿಸೋದು ಅವರಿಗೇನು ಹೊಸದಾ? ಕೂರೋಕೇ ಹೇಳಿರಲಿಲ್ಲವಲ್ಲ ಇದುವರೆಗೆ." ಒಂದು ಕಾಯಿ ಸಿಗಿದು ಕಾಳು ಉದುರಿಸಿದಳು. "ಆ ಮನುಷ್ಯ ಮುಖ ಕಾಣದವಳಿಗೆ ಮೈ ಹುಷಾರಿಲ್ವಾ ಅಂತ ಕೇಳಿದಾನೆ. ನಿಂಗೆ ಜ್ವರ ಬಂದು ಮಲಗಿದಾಗ ನಿನ್ನ ಅಳಿಯಂದಿರು ಏನು ಕೇಳಿದ್ರು? ಯಾವಾಗ ಬರ್ತೀಯ ಅಂತ. ಅಷ್ಟೇ ವ್ಯತ್ಯಾಸ."

ನಾನು ಬಟಾಣಿ ಬಿಡಿಸುತ್ತಾ ಹೋದೆ. ಹುಳು ಇದ್ದ ಕಾಳನ್ನೂ ಪಾತ್ರೆಗೆ ಹಾಕಿದೆನಂತೆ. ಅವಳು ಅದಕ್ಕೂ ಬೈದಳು.

ಮರುದಿನ ಊಟದ ಗಂಟೆ ಹೊಡೆದಾಗ ಬುತ್ತಿ ಬಿಚ್ಚಲಿಲ್ಲ. ಬಕೆಟ್ಟು, ಹಿಂಡಿದ ಪಟ್ಟಿಗಳು ಎಲ್ಲ ಎತ್ತಿಕೊಂಡು ಹಿಂದಿನ ಶೆಡ್ಡಿಗೆ ನಡೆದೆ. ಮಿಷನ್ನು ನಿಂತಿತ್ತು. ಗೋಡೆಯ ಪಕ್ಕ ಕಳಿಸಲು ಸಿದ್ಧವಾದ ರಟ್ಟಿನ ಪೆಟ್ಟಿಗೆಗಳು ಎದೆಯೆತ್ತರಕ್ಕೆ ಇದ್ದವು. ಒಂದನ್ನು ಕೆಳಗಿಳಿಸಿ ಬಾಯಿ ಬಿಚ್ಚಿದೆ. ಅರವತ್ತು ಕತ್ತರಿ, ಅರವತ್ತು ಚೀಟಿ, ಎಲ್ಲದರಲ್ಲೂ ನಾನು.

ನೆಲದ ಮೇಲೆ ಕೂತು ಶುರು ಮಾಡಿದೆ. ಹಿಡಿ ಬಿಡುವುದು, ಅಲಗು ಇಳಿಯುವುದು, ಒದ್ದೆಬಟ್ಟೆ. ಮೊದಲನೆಯದು ತೊದಲಿತು. ಎಡಕ್ಕಿಟ್ಟೆ. ಎರಡನೆಯದೂ ಎಡಕ್ಕೆ. ಮೂರನೆಯದು ಪರವಾಗಿಲ್ಲ, ಬಲಕ್ಕೆ. ಎಡಕ್ಕೆ ಹೋದ ಪ್ರತಿಯೊಂದರ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡೆ.

ಊಟ ಮುಗಿಸಿದ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ತಿರುಪು ಹಾಕುವವಳು ಕೇಳಿದಳು, "ಹನ್ನೊಂದಕ್ಕಾ, ಏನು ಮಾಡ್ತಿದ್ದೀಯಾ? ಬಳೆ ಅಂಗಡಿ ಇಟ್ಟವಳ ಹಾಗೆ ಹರಡಿಕೊಂಡಿದ್ದೀಯ."

"ನನ್ನ ಕೆಲಸ."

"ಇದು ಮಿಷನ್ ಕೆಲಸ ಅಲ್ವಾ?"

"ಮಿಷನ್‌ಗೆ ಕಿವಿ ಎಲ್ಲಿದೆ? ತೋರಿಸು."

ಅವಳು ಮಿಷನ್ನನ್ನು ಸುತ್ತಿ ನೋಡುವಂತೆ ನಟಿಸಿ, "ಹಿಂದೆ ಬಾಲ ಇದೆ, ಕಿವಿ ಇಲ್ಲ" ಅಂದಳು. ಬಾಲ ಅಂದರೆ ಕರೆಂಟಿನ ವಯರು. ಎಲ್ಲರೂ ನಕ್ಕರು. ಪಾಲಿಶ್ ಮಾಡುವವಳು ನನ್ನ ಪಕ್ಕ ಕೂತು, ಒಣಗಿದ ಪಟ್ಟಿಯನ್ನು ಅದ್ದಿ ಹಿಂಡಿ ಕೊಟ್ಟಳು. ಹದ ಸರಿಯಾಗಿತ್ತು. ಯಾವಾಗ ಕಲಿತಳೋ.

ಊಟದ ಹೊತ್ತು ಮುಗಿದ ಗಂಟೆ ಹೊಡೆಯಿತು. ಯಾರೂ ಅಲುಗಲಿಲ್ಲ. ಗಂಟೆಯ ಹಿಂದೆಯೇ ಅಳಿಯಂದಿರು ಬಂದರು.

"ಏನಿದು? ಯಾರು ಹೇಳಿದ್ರು ನಿಮಗೆ ಪೆಟ್ಟಿಗೆ ಬಿಚ್ಚೋಕೆ?"

"ಚೀಟಿ ಹೇಳ್ತಿದೆ ಸಾರ್." ಎದ್ದು ನಿಲ್ಲಲಿಲ್ಲ. ಮಂಡಿ ನೋಯುತ್ತಿತ್ತು, ಮನಸ್ಸೂ ಇರಲಿಲ್ಲ. "ಪರೀಕ್ಷಿಸಿದವರು ಹನ್ನೊಂದು ಅಂತ ಬರೆದಿದೆ. ಹನ್ನೊಂದು ಇನ್ನೂ ಪರೀಕ್ಷಿಸಿರಲಿಲ್ಲ. ಅದಕ್ಕೆ ಪರೀಕ್ಷಿಸ್ತಿದ್ದೀನಿ. ಅರವತ್ತರಲ್ಲಿ ನಲವತ್ತೊಂದು ಎಡಕ್ಕೆ ಹೋಗಿವೆ. ಮುಂದಿನ ಪೆಟ್ಟಿಗೆ ಇಳಿಸಿಕೊಡ್ತೀರಾ? ನನಗೆ ಭಾರ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಕೆಮ್ಮಲ್ಲ ಅದು, ನಗು ನುಂಗಿದ್ದು.

"ಇವತ್ತೇ ಈ ಲೋಡ್ ಹೋಗಬೇಕು!"

"ಹೋಗಲಿ. ಹನ್ನೊಂದು ತೆಗೆದು ಕಳಿಸಿ. ಮಿಷನ್ ಅಂತ ಬರೀರಿ, ಅಳಿಯ ಅಂತ ಬೇಕಾದ್ರೂ ಬರೀರಿ."

ಅವರ ಮುಖ ಕಾದ ಅಲಗಿನ ಹಾಗಾಯಿತು. "ಆ ನಂಬರು ನಾಳೆಯಿಂದ ಬೇರೆಯವರಿಗೆ ಕೊಡ್ತೀನಿ. ಆ ದರ್ಜಿ ಕಾಗದಕ್ಕೆ ನಾನು ಹೇಳಿದ ಉತ್ತರ ಇವತ್ತು ಸಂಜೆಯೊಳಗೆ ಹೋಗಬೇಕು. ಇಲ್ಲ ಅಂದ್ರೆ ನಾಳೆ ಬರೋದು ಬೇಡ."

"ಉತ್ತರ ಇವತ್ತೇ ಹೋಗುತ್ತೆ," ಅಂದೆ. "ನಾಳೆ ಎಂಟಕ್ಕೆ ನಾನೂ ಬರ್ತೀನಿ. ಒಳಗೆ ಬಿಡದಿದ್ರೆ ಗೇಟಿನ ಹತ್ತಿರ ಬಕೆಟ್ಟು ಇಟ್ಕೊಂಡು ಕೂರ್ತೀನಿ. ಲಾರಿ ಹೊರಗೆ ಹೋಗೋದು ಅಲ್ಲಿಂದಲೇ ತಾನೆ?"

ತಿರುಪಿನವಳು ಅವರ ಮುಂದೆಯೇ ಇನ್ನೊಂದು ಪೆಟ್ಟಿಗೆ ಇಳಿಸಿ ನನ್ನ ಪಕ್ಕ ಇಟ್ಟಳು. ಅವರು ಅವಳನ್ನು ನೋಡಿದರು, ಬಾಗಿಲಲ್ಲಿದ್ದವರನ್ನು ನೋಡಿದರು, ಹೊರಟುಹೋದರು.

ಮಿಷನ್ನಿನ ಮೇಲ್ಮುಚ್ಚಳ ಬರೆಯಲು ಹೇಳಿ ಮಾಡಿಸಿದಂತಿತ್ತು. ಅದರ ಮೇಲೆ ಕಾಗದ ಇಟ್ಟು ಬರೆದೆ. ಏಳು ವಾರ ಹೇಗೆ ಬರೆಯಲಿ ಅಂತ ಯೋಚಿಸಿದ್ದು ಆರು ಸಾಲಿಗೆ ಮುಗಿಯಿತು.

'ದರ್ಜಿಯವರಿಗೆ. ನಾನು ಹೆಂಗಸು. ಮೈ ಹುಷಾರಾಗಿದೆ, ಕಣ್ಣೂ ಪರವಾಗಿಲ್ಲ, ಕಿವಿ ಮೊದಲಿಗಿಂತ ಚುರುಕು. ಆ ಮೂರು ಕತ್ತರಿ ನಾನು ಮುಟ್ಟಿದವಲ್ಲ. ನನ್ನ ಅಂಕಿಯನ್ನು ನನ್ನನ್ನು ಕೇಳದೆ ಹಾಕಿದ್ದಾರೆ. ನಿಮ್ಮ ಊರಿನ ಇತರ ದರ್ಜಿಗಳಿಗೂ ಹೇಳಿ, ಕೊಳ್ಳುವ ಮೊದಲು ಅಂಗಡಿಯಲ್ಲೇ ಒದ್ದೆಬಟ್ಟೆ ಕತ್ತರಿಸಿ ನೋಡಿ. ತಡವಾಗಿ ಬರೆದದ್ದಕ್ಕೆ ಕ್ಷಮೆ ಇರಲಿ, ತಡಮಾಡಿದ್ದು ನಾನೇ.'

ಅಂಟಣ್ಣನ ಟಪಾಲಿನ ಚೀಲಕ್ಕೆ ಹಾಕಬಹುದಿತ್ತು. ಅವನೇ ಕೈ ಚಾಚಿದ. "ಬೇಡ," ಅಂದೆ, "ನಿನ್ನ ಕೆಲಸಕ್ಕೆ ಕುತ್ತು. ಸಂಜೆ ಕೆಲಸ ಮುಗಿದ ಮೇಲೆ ನಾನೇ ಹೋಗ್ತೀನಿ."

ಅಂಚೆ ಕಚೇರಿಯಲ್ಲಿ ಕಿಟಕಿ ಮುಚ್ಚಲು ಹತ್ತು ನಿಮಿಷವಿತ್ತು. ಕಿಟಕಿಯ ಹಿಂದಿದ್ದ ಹೆಂಗಸು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿದಳು.

"ರಿಜಿಸ್ಟರ್ ಮಾಡೋದಾದ್ರೆ ಕಳಿಸಿದವರ ವಿಳಾಸ ಬೇಕಮ್ಮ."

ಬರೆದುಕೊಟ್ಟೆ. ಅವಳು ಓದಿ ಕನ್ನಡಕದ ಮೇಲಿಂದ ನೋಡಿದಳು. "ಹನ್ನೊಂದು ಅಂತ ಬರೆದಿದ್ದೀರಿ. ಇದು ಮನೆ ನಂಬರಾ?"

"ಅಲ್ಲ. ಮನೆ ನಂಬರು ಕೆಳಗಿದೆ. ಮೇಲಿರೋದು ನಾನು."

"ಹನ್ನೊಂದು ಅಂತ ಯಾರಿಗಾದ್ರೂ ಹೆಸರಿರುತ್ತಾ?"

"ನನಗಿದೆ. ಇಪ್ಪತ್ತೇಳು ವರ್ಷದಿಂದ ಇದೆ. ಹಾಕಮ್ಮ ಮೊಹರು."

ಅವಳು ಹನ್ನೊಂದರ ಮೇಲೆ ಮಸಿ ತಾಗದ ಹಾಗೆ ಜಾಗ ನೋಡಿ ಮೊಹರು ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದಳು.